ಹನ್ನೆರಡು ಮನೆ, ಎಂಟು ಕಾಯಿ: ‘ದೋಬುತ್ಸು ಶೋಗಿ’ಯ ದೀರ್ಘ ಬಳಕೆಯ ವಿಮರ್ಶೆ

ಡಬ್ಬಿ ಬಿಚ್ಚಿದ ತಕ್ಷಣ ಬರುವ ಮಾತು ‘ಇಷ್ಟೇನಾ?’ ಅಂತ. ಅಡ್ಡಕ್ಕೆ ಮೂರು, ಉದ್ದಕ್ಕೆ ನಾಲ್ಕು ಮನೆಯ ಪುಟ್ಟ ಬೋರ್ಡು, ಎಂಟು ಚೌಕ ಬಿಲ್ಲೆ, ನಿಯಮದ ಒಂದು ಹಾಳೆ. ದಾಳವಿಲ್ಲ, ಕಾರ್ಡಿಲ್ಲ, ಅಂಕ ಬರೆಯುವ ಪಟ್ಟಿಯಿಲ್ಲ. ಆದರೂ ನೂರಾರು ಆಟ ಆದ ಮೇಲೂ ಇದು ಅಟ್ಟ ಸೇರುವುದಿಲ್ಲ. ಅದಕ್ಕೆ ಕಾರಣ ಒಂದು ನಿಯಮ: ಹೊಡೆದ ಕಾಯಿ ನಿಮ್ಮದಾಗುತ್ತದೆ, ಬೇಕಾದಾಗ ಬೇಕಾದ ಖಾಲಿ ಮನೆಗೆ ಇಳಿಸಬಹುದು. ಪ್ರಾಣಿಗಳ ಚಿತ್ರ ಮಕ್ಕಳನ್ನು ಬೋರ್ಡಿನ ಮುಂದೆ ಕೂರಿಸುತ್ತದೆ, ದೊಡ್ಡವರನ್ನು ಏಳಲು ಬಿಡದಿರುವುದು ಈ ನಿಯಮ.

ಹಿನ್ನೆಲೆ ಚಿಕ್ಕದಾಗಿ. ಜಪಾನಿ ಭಾಷೆಯಲ್ಲಿ ದೋಬುತ್ಸು ಅಂದರೆ ಪ್ರಾಣಿ, ಶೋಗಿ ಅಂದರೆ ಅಲ್ಲಿನ ಚದುರಂಗ. ಪೂರ್ಣ ಶೋಗಿಗೆ 81 ಮನೆ, 40 ಕಾಯಿ. ಕಾಯಿಗಳ ಮೇಲೆ ಚಿತ್ರಗಳ ಬದಲು ಲಿಪಿ ಇರುವುದರಿಂದ ಸಣ್ಣ ಮಕ್ಕಳಿಗೆ ಅದು ಕಬ್ಬಿಣದ ಕಡಲೆ. ವೃತ್ತಿಪರ ಶೋಗಿ ಆಟಗಾರ್ತಿ ಮದೋಕಾ ಕಿತಾವೊ 2008ರಲ್ಲಿ ಅದನ್ನು ಹನ್ನೆರಡು ಮನೆಗೆ ಇಳಿಸಿದರು, ಚಿತ್ರಗಳು ಮೈಕೊ ಫುಜಿತಾ ಅವರವು. ಇಂಗ್ಲಿಷ್‌ನಲ್ಲಿ ‘ಲೆಟ್ಸ್ ಕ್ಯಾಚ್ ದ ಲಯನ್’ ಎಂಬ ಹೆಸರಿನಲ್ಲೂ ಇದು ಸಿಗುತ್ತದೆ.

ಒಬ್ಬೊಬ್ಬರಿಗೆ ನಾಲ್ಕು ಕಾಯಿ: ಸಿಂಹ, ಜಿರಾಫೆ, ಆನೆ, ಕೋಳಿಮರಿ. ಎಲ್ಲವೂ ಒಂದು ಸಲಕ್ಕೆ ಒಂದೇ ಮನೆ ಹೋಗುತ್ತವೆ. ಸಿಂಹ ಎಂಟೂ ದಿಕ್ಕಿಗೆ, ಜಿರಾಫೆ ನೇರವಾಗಿ ನಾಲ್ಕು ದಿಕ್ಕಿಗೆ, ಆನೆ ಓರೆಯಾಗಿ ನಾಲ್ಕು ದಿಕ್ಕಿಗೆ, ಮರಿ ಮುಂದಕ್ಕೆ ಮಾತ್ರ. ಮರಿ ಎದುರಿನವರ ಕೊನೆಯ ಸಾಲಿಗೆ ನಡೆದು ತಲುಪಿದರೆ ಬಿಲ್ಲೆ ಮಗುಚಿ ಕೋಳಿಯಾಗುತ್ತದೆ. ಕೋಳಿಗೆ ಆರು ದಿಕ್ಕು, ಹಿಂದಿನ ಎರಡು ಓರೆಗಳಿಗೆ ಮಾತ್ರ ಹೋಗುವಂತಿಲ್ಲ. ಇದನ್ನೆಲ್ಲ ಬಾಯಿಪಾಠ ಮಾಡಬೇಕಿಲ್ಲ, ಹೋಗಬಹುದಾದ ದಿಕ್ಕಿಗೆಲ್ಲ ಬಿಲ್ಲೆಯ ಅಂಚಿನಲ್ಲೇ ಚುಕ್ಕೆ ಇದೆ. ಓದಲು ಬಾರದ ಮಗುವೂ ಚುಕ್ಕೆ ನೋಡಿ ಆಡುತ್ತದೆ.

ಚೆಸ್ ಬಲ್ಲ ಕನ್ನಡಿಗರಿಗೆ ಮಾತ್ರ ಮೊದಲ ನಾಲ್ಕೈದು ಆಟ ಒಂದು ತಕರಾರು ತಪ್ಪಿದ್ದಲ್ಲ. ನಮ್ಮ ಚೆಸ್ಸಿನಲ್ಲಿ ಆನೆ ನೇರ, ಒಂಟೆ ಓರೆ. ಇಲ್ಲಿ ಆನೆಯೇ ಓರೆಯಾಗಿ ಹೋಗುತ್ತದೆ, ನೇರ ಹೋಗುವುದು ಜಿರಾಫೆ. ಕೈ ಹಳೆಯ ಅಭ್ಯಾಸದಲ್ಲಿ ಆನೆಯನ್ನು ಮುಂದಕ್ಕೆ ತಳ್ಳುತ್ತದೆ, ಎದುರಿಗಿರುವ ಆರು ವರ್ಷದ ಮಗು ಚುಕ್ಕೆ ತೋರಿಸಿ ತಿದ್ದುತ್ತದೆ.

ಜೋಡಿಸುವುದು ಹೀಗೆ: ನಿಮ್ಮ ಕಡೆಯ ಸಾಲಿನ ನಡುವೆ ಸಿಂಹ, ಅದರ ಬಲಕ್ಕೆ ಜಿರಾಫೆ, ಎಡಕ್ಕೆ ಆನೆ, ಸಿಂಹದ ಮುಂದೆ ಮರಿ. ಎದುರಿನವರೂ ತಮ್ಮ ಬಲ, ತಮ್ಮ ಎಡ ಲೆಕ್ಕದಲ್ಲಿ ಹಾಗೇ ಇಡಬೇಕು. ಕನ್ನಡಿಯಲ್ಲಿ ಕಂಡಂತೆ ಜಿರಾಫೆಯ ಎದುರಿಗೆ ಜಿರಾಫೆ ಬಂದರೆ ಜೋಡಣೆ ತಪ್ಪಿದೆ ಎಂದರ್ಥ, ಸರಿಯಾಗಿದ್ದರೆ ಜಿರಾಫೆಯ ಎದುರಿಗೆ ಆನೆ ಇರುತ್ತದೆ. ಎರಡು ಮರಿಗಳು ಮೂತಿಗೆ ಮೂತಿ ತಾಗುವಂತೆ ನಿಂತಿರುತ್ತವೆ. ಗೆಲ್ಲಲು ಎರಡು ದಾರಿ: ಎದುರಿನ ಸಿಂಹವನ್ನು ಹಿಡಿಯುವುದು, ಇಲ್ಲವೇ ನಿಮ್ಮ ಸಿಂಹವನ್ನು ಎದುರಿನವರ ಕೊನೆಯ ಸಾಲಿಗೆ ಕ್ಷೇಮವಾಗಿ ಮುಟ್ಟಿಸುವುದು.

ಹೊಡೆದ ಕಾಯಿಯನ್ನು ಬೋರ್ಡಿನ ಪಕ್ಕದಲ್ಲಿ, ಇಬ್ಬರಿಗೂ ಕಾಣುವಂತೆ ಇಟ್ಟುಕೊಳ್ಳಬೇಕು. ಮುಷ್ಟಿಯೊಳಗೆ ಬಚ್ಚಿಡುವುದು ಮೋಸವೇ. ನಿಮ್ಮ ಸರದಿ ಬಂದಾಗ ಒಂದು ಕಾಯಿ ನಡೆಸಬಹುದು, ಇಲ್ಲವೇ ಹೀಗೆ ಪಕ್ಕದಲ್ಲಿಟ್ಟ, ಅಂದರೆ ‘ಕೈಲಿರುವ’ ಒಂದನ್ನು ಖಾಲಿ ಮನೆಗೆ ಇಳಿಸಬಹುದು, ಎರಡೂ ಒಟ್ಟಿಗೆ ಇಲ್ಲ. ಇಳಿಸುವಾಗ ಏನನ್ನೂ ಹೊಡೆಯುವಂತಿಲ್ಲ.

ಇಷ್ಟರಲ್ಲಿ ಎಡವುವ ಜಾಗಗಳು ಬೇಕಾದಷ್ಟಿವೆ. ಅತಿ ಹೆಚ್ಚು ಜಗಳ ಆಗುವುದು ಮರಿಯ ಬಗ್ಗೆ. ಕೈಲಿರುವ ಮರಿಯನ್ನು ನೇರವಾಗಿ ಎದುರಿನವರ ಕೊನೆಯ ಸಾಲಿಗೆ ಇಳಿಸಿದರೆ ಅದು ಕೋಳಿಯಾಗುವುದಿಲ್ಲ. ಮುಂದೆ ಮನೆಯೇ ಇಲ್ಲದ್ದರಿಂದ ಕಲ್ಲಿನ ಹಾಗೆ ಅಲ್ಲೇ ಕೂರುತ್ತದೆ. ಹಾಗೆ ಇಳಿಸಲು ಅಡ್ಡಿಯಿಲ್ಲ, ಲಾಭವೂ ಇಲ್ಲ. ಕೋಳಿಯಾಗಬೇಕಾದರೆ ನಡೆದೇ ಹೋಗಬೇಕು, ಹಾಗಾಗಿ ಕೊನೆಯ ಸಾಲಿಗೆ ಒಂದು ಮನೆ ಮುಂಚೆ ಇಳಿಸುವುದು ಸರಿ. ಎರಡನೆಯದು, ಕೋಳಿಯನ್ನು ಹೊಡೆದವರ ಕೈಗೆ ಬರುವುದು ಮರಿ, ಕೋಳಿಯಲ್ಲ. ಇದರಲ್ಲೊಂದು ಜಾಣತನ ಅಡಗಿದೆ. ನಿಮ್ಮ ಕೋಳಿ ಹೋಗಿ ಅವರ ಆನೆ ಬಂದರೆ ನಿಮಗೆ ಸಿಕ್ಕಿದ್ದು ಆನೆ, ಅವರಿಗೆ ಸಿಕ್ಕಿದ್ದು ಬರೀ ಮರಿ. ಕೋಳಿಯನ್ನು ಬದುಕಿಸಲು ಒದ್ದಾಡುವುದಕ್ಕಿಂತ ಅದನ್ನು ಕೊಟ್ಟು ದೊಡ್ಡ ಕಾಯಿ ತೆಗೆದುಕೊಳ್ಳುವುದೇ ವಾಸಿ. ಪೂರ್ಣ ಶೋಗಿ ಗೊತ್ತಿರುವವರು ಒಂದೇ ಉದ್ದಸಾಲಿನಲ್ಲಿ ಎರಡು ಮರಿ ಇಡಬಾರದು, ಮರಿ ಇಳಿಸಿ ಆಟ ಮುಗಿಸಬಾರದು ಎಂದು ವಾದಿಸುತ್ತಾರೆ. ಅವೆರಡೂ ಪೂರ್ಣ ಶೋಗಿಯ ನಿಷೇಧಗಳು, ಇಲ್ಲಿಗೆ ಅನ್ವಯಿಸುವುದಿಲ್ಲ.

ಸಿಂಹ ಕೊನೆಯ ಸಾಲು ಮುಟ್ಟುವ ಗೆಲುವನ್ನೂ ಜನ ತಪ್ಪಾಗಿ ಆಡುತ್ತಾರೆ. ಅಲ್ಲಿಗೆ ಬಂದ ಸಿಂಹವನ್ನು ಎದುರಿನವರು ಮುಂದಿನ ನಡೆಯಲ್ಲೇ ಹೊಡೆಯುವಂತಿದ್ದರೆ ಅದು ಗೆಲುವಲ್ಲ, ಸೋಲು. ಹೊಡೆಯಲು ಆಗದಿದ್ದರೆ ಮುಟ್ಟಿದ ಕ್ಷಣಕ್ಕೇ ಆಟ ಮುಗಿಯಿತು. ಎದುರಿನವರ ಕೈಯಲ್ಲಿ ಮೂರು ಕಾಯಿ ಇದ್ದರೂ ಉಪಯೋಗವಿಲ್ಲ, ಇಳಿಸುವುದರಿಂದ ಹೊಡೆಯಲು ಬರುವುದಿಲ್ಲವಲ್ಲ. ಅಂದರೆ ಓಡುವ ಸಿಂಹಕ್ಕೆ ಕಾವಲು ಹಾಕುವುದಿದ್ದರೆ ಅದು ಕೊನೆಯ ಸಾಲಿಗಿಂತ ಒಂದು ಮನೆ ಹಿಂದಿರುವಾಗಲೇ ಹಾಕಬೇಕು. ಕೈ ತುಂಬಾ ಕಾಯಿ ಇಟ್ಟುಕೊಂಡು ಸೋಲುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ.

ತಂತ್ರದ ವಿಷಯಕ್ಕೆ ಬಂದರೆ ಒಂದು ಮಾತು ಗೊತ್ತಾದ ದಿನ ಆಟದ ಮಟ್ಟವೇ ಬದಲಾಗುತ್ತದೆ. ಎಲ್ಲ ಕಾಯಿಗಳೂ ಒಂದೇ ಮನೆ ನಡೆಯುವುದರಿಂದ ಸಿಂಹವನ್ನು ಹೆದರಿಸುವ ಕಾಯಿ ಯಾವಾಗಲೂ ಅದರ ಮಗ್ಗುಲಲ್ಲೇ ಇರುತ್ತದೆ. ಚೆಸ್ಸಿನ ಹಾಗೆ ನಡುವೆ ಇನ್ನೊಂದು ಕಾಯಿ ತಂದು ಅಡ್ಡ ಇಡುವ ಮಾತೇ ಇಲ್ಲ. ಮಗ್ಗುಲಲ್ಲಿರುವುದನ್ನು ಸಿಂಹ ತಾನೇ ಹೊಡೆಯಬಲ್ಲದು. ಹಾಗಾಗಿ ಕಾವಲಿಲ್ಲದೆ ಒಂಟಿ ಜಿರಾಫೆಯನ್ನು ಸಿಂಹದ ಪಕ್ಕಕ್ಕೆ ಇಳಿಸಿದರೆ ಜಿರಾಫೆ ದಾನ ಕೊಟ್ಟ ಹಾಗೆ. ಒಂದು ಕಾಯಿ ಹೆದರಿಸಬೇಕು, ಇನ್ನೊಂದು ಅದನ್ನು ಕಾಯಬೇಕು. ಹೊಸಬರ ಸೋಲಿನಲ್ಲಿ ಮುಕ್ಕಾಲು ಪಾಲು, ಒಂಟಿ ಕಾಯಿಯಿಂದ ಆತುರಪಟ್ಟು ಹೆದರಿಸಲು ಹೋಗಿದ್ದರಿಂದಲೇ ಆಗಿರುತ್ತದೆ.

ಆರಂಭವನ್ನೇ ಹತ್ತಿರದಿಂದ ನೋಡಿ. ಮೊದಲು ಆಡುವವರಿಗೆ ಇರುವುದು ನಾಲ್ಕೇ ನಡೆ: ಮರಿಯಿಂದ ಮರಿ ಹೊಡೆಯುವುದು, ಜಿರಾಫೆಯನ್ನು ಒಂದು ಮನೆ ಮುಂದಿಡುವುದು, ಸಿಂಹವನ್ನು ಎಡ ಓರೆಗೆ ಅಥವಾ ಬಲ ಓರೆಗೆ ಮುಂದಿಡುವುದು. ಆನೆ ಕದಲುವಂತಿಲ್ಲ, ಅದರ ಒಂದೇ ದಾರಿಯಲ್ಲಿ ಮರಿ ಕೂತಿದೆ. ಬಹುತೇಕ ಎಲ್ಲರೂ ಮರಿ ಹೊಡೆಯುತ್ತಾರೆ. ಆಗ ಆ ಮರಿ ನೇರವಾಗಿ ಸಿಂಹದ ಮುಂದೆ ನಿಂತು ಹೆದರಿಸುತ್ತದೆ. ಎದುರಿನವರು ಅದನ್ನು ಸಿಂಹದಿಂದಲೇ ಹೊಡೆದರೆ, ನೀವು ಈಗಷ್ಟೇ ಗಳಿಸಿದ ಮರಿಯನ್ನು ನಿಮ್ಮ ಮರಿ ಮೊದಲು ನಿಂತಿದ್ದ ಜಾಗಕ್ಕೇ ಇಳಿಸಿ. ಅದಕ್ಕೆ ನಿಮ್ಮ ಸಿಂಹ ಮತ್ತು ಆನೆ ಎರಡರ ಕಾವಲಿದೆ. ಹೊಡೆಯಲಾಗದೆ ಅವರ ಸಿಂಹ ಪಕ್ಕಕ್ಕೋ ಹಿಂದಕ್ಕೋ ಸರಿಯಬೇಕು, ನಿಮ್ಮ ಮರಿ ಬಿಟ್ಟಿಯಾಗಿ ಬೋರ್ಡಿಗೆ ಬಂದಂತಾಯಿತು. ಅದರ ಬದಲು ಅವರು ಆನೆಯಿಂದ ಹೊಡೆದಿದ್ದರೆ ಸಿಂಹ ತನ್ನ ಮನೆಯಲ್ಲೇ ಉಳಿಯುತ್ತಿತ್ತು. ಆಗಲೂ ನಿಮ್ಮ ಮರಿ ಆನೆಯನ್ನು ಕೆಣಕಬಹುದು ನಿಜ, ಆದರೆ ಆನೆ ಹೋದರೆ ಆಟವೇ ಹೋಗುವುದಿಲ್ಲ.

ಮೊದಲು ಯಾರು ಆಡಬೇಕೆಂದು ಮಕ್ಕಳು ಕಿತ್ತಾಡುತ್ತಾರೆ. ಕಂಪ್ಯೂಟರಿನ ಪ್ರಕಾರ ಆ ಕಿತ್ತಾಟ ಉಲ್ಟಾ ಆಗಬೇಕು. ಟೋಕಿಯೋ ವಿಶ್ವವಿದ್ಯಾಲಯದ ತೆತ್ಸುರೊ ತನಾಕಾ 2009ರಲ್ಲಿ ಈ ಆಟದ ಎಲ್ಲ ಸಾಧ್ಯತೆಗಳನ್ನೂ ಕಂಪ್ಯೂಟರಿನಲ್ಲಿ ಪೂರ್ತಿ ಲೆಕ್ಕ ಹಾಕಿದರು. ಆರಂಭದಿಂದ ತಲುಪಬಹುದಾದ ಸ್ಥಿತಿಗಳು 24,68,03,167. ಇಬ್ಬರೂ ಒಂದೂ ತಪ್ಪಿಲ್ಲದೆ ಆಡಿದರೆ 78ನೇ ನಡೆಯಲ್ಲಿ ಎರಡನೆಯವರು ಗೆಲ್ಲುತ್ತಾರೆ. ಹನ್ನೆರಡು ಮನೆಯಲ್ಲಿ ಇಪ್ಪತ್ತನಾಲ್ಕೂವರೆ ಕೋಟಿಗೂ ಮಿಕ್ಕಿದ ಸ್ಥಿತಿಗಳು ಬರುವುದು ಕಾಯಿಗಳು ಮತ್ತೆ ಮತ್ತೆ ಬೋರ್ಡಿಗೆ ಇಳಿಯುವುದರಿಂದ. ಮನೆಯ ಆಟಕ್ಕೆ ಈ ಲೆಕ್ಕದಿಂದ ತೊಂದರೆಯೇನಿಲ್ಲ, 78 ನಡೆ ತಪ್ಪಿಲ್ಲದೆ ಆಡುವವರು ಊಟದ ಮೇಜಿನಲ್ಲಿ ಸಿಗುವುದಿಲ್ಲ.

ಇನ್ನು ಸಾಮಗ್ರಿ. ಇಲ್ಲಿ ಎರಡೂ ಕಡೆಯ ಕಾಯಿಗೆ ಬೇರೆ ಬೇರೆ ಬಣ್ಣ ಕೊಡಲು ಸಾಧ್ಯವಿಲ್ಲ, ಯಾಕೆಂದರೆ ಕಾಯಿ ಒಡೆಯರನ್ನು ಬದಲಿಸುತ್ತಲೇ ಇರುತ್ತದೆ. ಪ್ರಾಣಿಯ ತಲೆ ಯಾವ ಕಡೆಗೆ ಮುಖ ಮಾಡಿದೆ ಅನ್ನುವುದೇ ಗುರುತು. ಬಿಲ್ಲೆ ಚೌಕವಾದ್ದರಿಂದ ಅವಸರದಲ್ಲಿ ಅಡ್ಡ ಕೂತರೆ, ಅಥವಾ ಮೇಜು ಅಲುಗಿ ತಿರುಗಿದರೆ ‘ಈ ಆನೆ ಯಾರದ್ದು?’ ಎಂಬ ಪ್ರಶ್ನೆ ಗ್ಯಾರಂಟಿ. ದೀರ್ಘ ಬಳಕೆಯಲ್ಲಿ ಅತಿ ಹೆಚ್ಚು ಕಿರಿಕಿರಿ ಕೊಡುವುದು ಇದೊಂದೇ. ಬಿಲ್ಲೆಯ ತಲೆಯ ಕಡೆಯ ಅಂಚಿಗೆ ಕಪ್ಪು ಮಾರ್ಕರಿನಲ್ಲಿ ಒಂದು ಗೆರೆ ಎಳೆದರೆ ಮುಕ್ಕಾಲು ಪಾಲು ಪರಿಹಾರ. ಮರಿಯ ಬಿಲ್ಲೆಗೆ ಎರಡೂ ಮೈಗೆ ಎಳೆಯಿರಿ.

ಮರದ ಬಿಲ್ಲೆಯಲ್ಲಿ ಮೊದಲು ಸವೆಯುವುದು ಮರಿಯೇ, ಮಗುಚುವುದು ಅದನ್ನೊಂದೇ. ಬೆರಳಿನ ಬೆವರಿಗೆ ಚುಕ್ಕೆಗಳು ಮಾಸತೊಡಗುತ್ತವೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಇನ್ನೂ ಬೇಗ ಹೋಗುತ್ತವೆ, ಒಣ ಬಟ್ಟೆ ಸಾಕು. ಮಡಚುವ ರಟ್ಟಿನ ಬೋರ್ಡಾದರೆ ಮಡಿಕೆಯ ಜಾಗ ಉಬ್ಬಿ ಅಲ್ಲಿ ಕೂತ ಬಿಲ್ಲೆ ವಾಲುತ್ತದೆ. ಭಾರದ ಪುಸ್ತಕದ ಕೆಳಗೆ ಒಂದು ರಾತ್ರಿ ಬಿಚ್ಚಿಟ್ಟರೆ ಸುಮಾರಾಗಿ ಸರಿಯಾಗುತ್ತದೆ. ಬಿಲ್ಲೆಗಳನ್ನು ಬಿಡಿಯಾಗಿ ಡಬ್ಬಿಗೆ ಸುರಿಯುವ ಬದಲು ಜಿಪ್ ಚೀಲಕ್ಕೆ ಹಾಕಿಡಿ. ಎಂಟರಲ್ಲಿ ಒಂದು ಕಳೆದರೆ ಆಟ ನಿಂತಿತು, ಇದರಲ್ಲಿ ಹೆಚ್ಚುವರಿ ಕಾಯಿ ಇರುವುದಿಲ್ಲ.

ವಯಸ್ಸಿನ ಮಾತು. ನಾಲ್ಕೈದು ವರ್ಷದ ಮಗು ನಡೆಗಳನ್ನು ಕಲಿಯುತ್ತದೆ, ಆದರೆ ಕೈಲಿ ಕಾಯಿ ಇರುವುದನ್ನೇ ಮರೆಯುತ್ತದೆ. ಮೊದಲ ಹತ್ತು ಆಟ ಇಳಿಸುವ ನಿಯಮ ಬಿಟ್ಟು ಆಡಿಸುವ ಸಲಹೆ ಕೆಲವರು ಕೊಡುತ್ತಾರೆ. ಅದು ಬೇಡ. ಕಾಯಿ ಖಾಲಿಯಾಗಿ ಎರಡು ಸಿಂಹ ಸುಮ್ಮನೆ ಸುತ್ತುವ ಸ್ಥಿತಿ ಬರುತ್ತದೆ, ಮಗುವಿಗೆ ಬೇಜಾರಾಗುತ್ತದೆ. ಅದರ ಬದಲು ಪ್ರತಿ ಸರದಿಗೂ ‘ಕೈಲಿ ಏನಿದೆ?’ ಎಂದು ಕೇಳುವ ರೂಢಿ ಮಾಡಿ. ಚೆಸ್ ಆಡುವಾಗ ಹಲವರು ಹೇಳುವ ‘ಚೆಕ್’ ಇಲ್ಲಿ ಕಡ್ಡಾಯವಲ್ಲ. ಗಮನಿಸದಿದ್ದರೆ ಸಿಂಹ ನಿಜಕ್ಕೂ ಎದುರಿನವರ ಕೈ ಸೇರುತ್ತದೆ, ಅಳುವೂ ಬರುತ್ತದೆ. ಸಣ್ಣವರ ಜೊತೆ ಆಡುವಾಗ ದೊಡ್ಡವರು ‘ಸಿಂಹ!’ ಎಂದು ಎಚ್ಚರಿಸುವುದು ಒಳ್ಳೆಯ ಮನೆನಿಯಮ. ದೊಡ್ಡವರ ಜಿರಾಫೆಯನ್ನು ಮೊದಲೇ ಡಬ್ಬಿಗೆ ಹಾಕಿ ಆಡುವುದೂ ಒಂದು ದಾರಿ. ಐದು ನಿಮಿಷಕ್ಕೆ ಒಂದು ಆಟ ಮುಗಿಯುವುದರಿಂದ ಸೋಲಿನ ನೋವು ಮುಂದಿನ ಆಟದವರೆಗಷ್ಟೇ.

ಕೊರತೆಯೂ ಇದೆ. ಇಬ್ಬರೇ ಆಡಬಹುದು, ಮೂರನೆಯವರು ಕಾಯಬೇಕು. ಅದಕ್ಕಿಂತ ದೊಡ್ಡದು, ಸಮಬಲದ ಇಬ್ಬರು ತಿಂಗಳುಗಟ್ಟಲೆ ಆಡಿದಾಗ ಆರಂಭದ ನಡೆಗಳು ಕೈಗೆ ಬಾಯಿಪಾಠವಾಗುತ್ತವೆ, ಯಾರೂ ಮುಂದೆ ಬರದೆ ಹಿಂದೆ ಮುಂದೆ ಆಡುತ್ತಾರೆ. ಒಂದೇ ಸ್ಥಿತಿ ಮೂರು ಸಲ ಬಂದರೆ ಆಟ ಡ್ರಾ. ಅಂಥ ಡ್ರಾಗಳು ಹೆಚ್ಚಿದಾಗ ಹಿಡಿಯಬೇಕಾದ್ದು ಇದೇ ಬಳಗದ ‘ಗೋರೋಗೋರೋ ದೋಬುತ್ಸು ಶೋಗಿ’. ಅದರಲ್ಲಿ ಅಡ್ಡಕ್ಕೆ ಐದು, ಉದ್ದಕ್ಕೆ ಆರು ಮನೆ. ಒಬ್ಬೊಬ್ಬರಿಗೆ ಒಂದು ಸಿಂಹ, ಎರಡು ನಾಯಿ, ಎರಡು ಬೆಕ್ಕು, ಮೂರು ಮರಿ. ಆನೆ, ಜಿರಾಫೆ ಅಲ್ಲಿಲ್ಲ. ಅಲ್ಲಿಂದ ಪೂರ್ಣ ಶೋಗಿಗೆ ಹೋಗುವುದು ಅಷ್ಟು ಕಷ್ಟವಲ್ಲ.

ಕೊಳ್ಳುವ ಮುಂಚೆ ಪರೀಕ್ಷಿಸಿ ನೋಡಬೇಕೆಂದರೆ ದಪ್ಪ ರಟ್ಟು ಸಾಕು. ಮೂರು ಸೆಂಟಿಮೀಟರ್ ಚೌಕದ ಎಂಟು ತುಂಡು ಕತ್ತರಿಸಿ, ನಾಲ್ಕು ಸೆಂಟಿಮೀಟರ್ ಮನೆಗಳ ಬೋರ್ಡು ಗೀಚಿ. ಒಟ್ಟು ಅಳತೆ 12 ಗುಣಿಸು 16 ಸೆಂಟಿಮೀಟರ್ ಆಗುತ್ತದೆ. ಚುಕ್ಕೆಗಳ ಲೆಕ್ಕ ಸಿಂಹಕ್ಕೆ ಎಂಟು, ಜಿರಾಫೆಗೆ ನಾಲ್ಕು, ಆನೆಗೆ ನಾಲ್ಕು, ಮರಿಗೆ ಒಂದು, ಅದರ ಹಿಂಬದಿಯ ಕೋಳಿಗೆ ಆರು. ರಟ್ಟು ತೆಳ್ಳಗಿದ್ದರೆ ಮರಿಯ ಹಿಂದಿನ ಕೋಳಿ ಈಚೆಗೆ ಕಾಣುತ್ತದೆ, ಎರಡು ಪದರ ಅಂಟಿಸಿ.