ನಾಲ್ಕು ಭಾನುವಾರ, 1500 ರೂಪಾಯಿ, ಬೋರ್ಡಿನ ಮೇಲೊಂದು ಬಾಣ

ಮಂಗಳೂರಿನ ಹಂಪನಕಟ್ಟೆ ಹತ್ತಿರ ಒಂದು ಮಹಡಿ ಮೇಲಿನ ಹಾಲ್‌ನಲ್ಲಿ ಸಲಫಿ ಮತ್ತು ಜಿಹಾದಿ ಚಿಂತನೆಯ ಇತಿಹಾಸದ ಬಗ್ಗೆ ನಾಲ್ಕು ಭಾನುವಾರ ಕ್ಲಾಸ್ ನಡೆಯಿತು. ಹೋಗಿ ಬಂದೆ. ನಡೆಸಿದವರ ಹೆಸರು ಹೇಳುವುದಿಲ್ಲ, ಯಾಕೆಂದರೆ ಬೈಯುವುದೂ ಸ್ವಲ್ಪ ಇದೆ. ಐದಕ್ಕೆ ಮೂರುವರೆ ಕೊಡುತ್ತೇನೆ. ಗೋಳಿಬಜೆ ಬಿಸಿ ಇದ್ದದ್ದಕ್ಕೆ ಆ ಅರ್ಧ.

ಹೋದದ್ದು ಯಾಕೆ ಅಂದರೆ, 2022ರ ನವೆಂಬರ್‌ನಲ್ಲಿ ನಮ್ಮೂರಲ್ಲಿ ಆಟೋದೊಳಗೆ ಕುಕ್ಕರ್ ಬಾಂಬ್ ಸಿಡಿಯಿತಲ್ಲ, ಆಮೇಲೆ ಫ್ಯಾಮಿಲಿ ಗ್ರೂಪಿನಲ್ಲಿ ವಹಾಬಿ, ಸಲಫಿ, ತಬ್ಲೀಗಿ, ಜಿಹಾದಿ ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಕದಡಿದ ಮೆಸೇಜ್‌ಗಳು ಶುರುವಾದವು. ಕಳಿಸಿದವರ ಹತ್ತಿರ ಅರ್ಥ ಕೇಳಿದರೆ ಉತ್ತರ ಇಲ್ಲ. ನನ್ನ ಹತ್ತಿರವೂ ಇರಲಿಲ್ಲ. ಜೊತೆಗೆ ಬಂದವರು ನಮ್ಮ ವಾಚ್ ಕಾಕ. ನಮ್ಮ ಅಂಗಡಿ ಪಕ್ಕದಲ್ಲೇ ವಾಚ್ ರಿಪೇರಿ ಮಾಡುವ ಬ್ಯಾರಿ, ಹೆಸರು ಯಾರಿಗೂ ಬೇಕಾಗಿಲ್ಲ, ಎಲ್ಲರಿಗೂ ವಾಚ್ ಕಾಕ. "ನಮ್ಮ ವಿಷಯ ಬೇರೆಯವರು ಹೇಗೆ ಹೇಳುತ್ತಾರೆ ಅಂತ ನೋಡುವ ಮಾರಾಯ" ಅಂತ ಹೊರಟರು.

ಮೊದಲ ಭಾನುವಾರ ಚೆನ್ನಾಗಿತ್ತು. ಪಾಠ ಮಾಡಿದವರು ರಿಟೈರ್ ಆದ ಇತಿಹಾಸದ ಮಾಸ್ಟ್ರು, ಕನ್ನಡ ಸಲೀಸು. ಸಲಫ್ ಅಂದರೆ ಹಿಂದಿನವರು, ಪ್ರವಾದಿಯವರ ಕಾಲದಿಂದ ಮೊದಲ ಮೂರು ತಲೆಮಾರಿನವರು. ಅವರು ನಂಬಿದ ಹಾಗೆ ನಂಬಬೇಕು, ಆಮೇಲೆ ಸೇರಿಕೊಂಡದ್ದನ್ನು ತೆಗೆದುಹಾಕಬೇಕು ಅನ್ನುವುದು ಸಲಫಿಗಳ ಮಾತು. ಇಷ್ಟೇ ಆದರೆ ಯಾವ ಧರ್ಮದಲ್ಲೂ ಒಬ್ಬ ಸುಧಾರಕ ಹೇಳುವ ಮಾತು, ಅಲ್ವಾ? ಆದರೆ ಸೇರಿಕೊಂಡದ್ದು ಯಾವುದು ಅನ್ನುವಲ್ಲಿ ಜಗಳ ಹತ್ತಿಕೊಳ್ಳುತ್ತದೆ. ದರ್ಗಾ, ಉರೂಸ್, ಮೌಲೂದು ಅಂದರೆ ಪ್ರವಾದಿಯವರನ್ನು ಹೊಗಳಿ ಓದುವುದು. ಕಾಕ ನನ್ನ ಕಿವಿಗೆ ಬಾಗಿ, "ನಮ್ಮ ಭಾವ ಸೌದಿಯ ದಮ್ಮಾಮಿನಿಂದ ಬಂದ ಮೇಲೆ ಉಳ್ಳಾಲ ಉರೂಸಿಗೆ ಬರುವುದು ಬಿಟ್ಟ. ಮನೆಯಲ್ಲಿ ಮೌಲೂದು ಇಟ್ಟರೆ ಊಟಕ್ಕೂ ಕೂರುವುದಿಲ್ಲ" ಅಂದರು. ನಾನು ಬಾಂಬಿನ ಬಗ್ಗೆ ತಿಳಿಯಲು ಬಂದರೆ ಇವರ ಮನೆಯಲ್ಲಿ ಜಗಳ ತುಪ್ಪದನ್ನಕ್ಕೆ.

ಎರಡನೇ ಭಾನುವಾರ ಕೆಟ್ಟಿತು. ಮಾಸ್ಟ್ರು ಬೋರ್ಡಿನ ಎಡತುದಿಯಲ್ಲಿ ಇಬ್ನ್ ತೈಮಿಯ್ಯ (ಏಳುನೂರು ವರ್ಷ ಹಿಂದಿನ ಪಂಡಿತ), ಬಲತುದಿಯಲ್ಲಿ ಐಸಿಸ್ ಅಂತ ಬರೆದು ನಡುವೆ ಉದ್ದಕ್ಕೆ ಒಂದು ಬಾಣ ಎಳೆದರು. ಬಾಣದ ಮೇಲೆ ಸ್ಟಾಪ್‌ಗಳ ಹಾಗೆ ಇಸವಿಗಳು. 1744, ವಹಾಬಿ ಅನ್ನುವ ಹೆಸರಿಗೆ ಮೂಲವಾದ ಅರೇಬಿಯಾದ ಪಂಡಿತ ಇಬ್ನ್ ಅಬ್ದುಲ್ ವಹಾಬ್ ಮತ್ತು ಸೌದ್ ಮನೆತನದ ಒಪ್ಪಂದ. 1928, ಈಜಿಪ್ಟಿನಲ್ಲಿ ಹಸನ್ ಅಲ್ ಬನ್ನಾ ಕಟ್ಟಿದ ಮುಸ್ಲಿಂ ಬ್ರದರ್‌ಹುಡ್. 1966, ಅದೇ ಬ್ರದರ್‌ಹುಡ್‌ನ ಬರಹಗಾರ ಸಯ್ಯದ್ ಕುತುಬ್‌ಗೆ ಗಲ್ಲು. 1981, ಈಜಿಪ್ಟಿನ ಅಧ್ಯಕ್ಷ ಸಾದಾತ್ ಕೊಲೆ. 1988, ಅಲ್ ಖೈದಾ. 2014, ಐಸಿಸ್. ಸ್ಟೇಟ್‌ಬ್ಯಾಂಕ್ ಸ್ಟಾಪಿನಲ್ಲಿ ಬಸ್ ಹತ್ತಿದವನು ನಿದ್ದೆ ಮಾಡಿದರೂ ಸುರತ್ಕಲ್ ಮುಟ್ಟುತ್ತಾನೆ ಅನ್ನುವ ಹಾಗೆ.

ನನ್ನ ತಕರಾರು ಈ ಬಾಣದ ಮೇಲೆ. ಮಾಸ್ಟ್ರು ತಾವೇ ಹೇಳಿದ ವಿಷಯಗಳು ಅದರ ಮೇಲೆ ಕೂರುವುದಿಲ್ಲ. ಅಲ್ಬಾನಿಯನ್ನೇ ತೆಗೆದುಕೊಳ್ಳಿ. 20ನೇ ಶತಮಾನದ ಸಲಫಿಗಳಲ್ಲಿ ಹದೀಸ್, ಅಂದರೆ ಪ್ರವಾದಿಯವರ ಮಾತು ನಡತೆಯ ದಾಖಲೆಗಳ ವಿಷಯಕ್ಕೆ ಬಹಳ ದೊಡ್ಡ ಹೆಸರು ನಾಸಿರುದ್ದೀನ್ ಅಲ್ಬಾನಿ. 1914ರಲ್ಲಿ ಅಲ್ಬೇನಿಯಾದಲ್ಲಿ ಹುಟ್ಟಿ ಡಮಾಸ್ಕಸ್‌ನಲ್ಲಿ ಬೆಳೆದವರು, ಹೊಟ್ಟೆಪಾಡಿಗೆ ವಾಚ್ ರಿಪೇರಿ! ಅಲ್ಲಿಯವರೆಗೆ ಅರ್ಧ ಕಣ್ಣು ಮುಚ್ಚಿದ್ದ ಕಾಕ ನೆಟ್ಟಗೆ ಕೂತರು. ಸ್ವಲ್ಪ ಹೊತ್ತು ಅಂಗಡಿ, ಉಳಿದ ಹೊತ್ತು ಲೈಬ್ರರಿಯಲ್ಲಿ ಹಳೇ ಹಸ್ತಪ್ರತಿ. ಯಾವ ಹದೀಸ್ ಗಟ್ಟಿ, ಯಾವುದು ಸಡಿಲ ಅಂತ ಒಂದೊಂದನ್ನೇ ಬಿಚ್ಚಿ ನೋಡುವ ಕೆಲಸ. "ಅದೂ ರಿಪೇರಿಯೇ" ಅಂದರು ಕಾಕ. ಈ ಮನುಷ್ಯ ರಾಜಕೀಯಕ್ಕೆ ಕೈ ಹಾಕಬೇಡಿ, ಮೊದಲು ನಂಬಿಕೆ ಸರಿಮಾಡಿಕೊಳ್ಳಿ ಅಂತ ಕೊನೆವರೆಗೂ ಹೇಳಿದವರು. ಆಳುವವರನ್ನು ಕಾಫಿರ್ ಅಂತ ಘೋಷಿಸಿ ಬಂಡೇಳುವುದನ್ನು ಒಪ್ಪದವರು. ಇವರು ಆ ಬಸ್ಸಿನಲ್ಲಿ ಯಾವ ಸ್ಟಾಪಿನಲ್ಲಿ ಇಳಿದರು? ಕೇಳಿದೆ. ಮಾಸ್ಟ್ರು ನಕ್ಕು ಮುಂದೆ ಹೋದರು.

ಇನ್ನೊಂದು. ಕೈರೋದಿಂದ 1898ರಲ್ಲಿ ಪಂಡಿತ ರಶೀದ್ ರಿದಾ ಶುರು ಮಾಡಿದ ಅಲ್ ಮನಾರ್ ಅನ್ನುವ ಪತ್ರಿಕೆ ನೋಟ್ಸಿನಲ್ಲಿ ಮೂರು ಬೇರೆ ಬೇರೆ ಪುಟದಲ್ಲಿ ಬರುತ್ತದೆ, ಕ್ಲಾಸಿನಲ್ಲಿ ಯಾರೂ ಜೋಡಿಸಲಿಲ್ಲ, ನಾನು ಮನೆಗೆ ಬಂದು ಪೆನ್ನಿನಲ್ಲಿ ಗೆರೆ ಹಾಕಿ ಜೋಡಿಸಿದೆ. ಅಲ್ಬಾನಿಗೆ ಹದೀಸ್ ಹುಚ್ಚು ಹಿಡಿಸಿದ್ದು ಅದೇ ಪತ್ರಿಕೆಯ ಬರಹ. ರಿದಾ 1935ರಲ್ಲಿ ತೀರಿಕೊಂಡ ಮೇಲೆ ಅದರ ಕೆಲವು ಸಂಚಿಕೆ ಹೊರತಂದದ್ದು ಬನ್ನಾ, ಸಂಘಟನೆ ಕಟ್ಟಿ ಸಮಾಜವನ್ನೇ ಬದಲಿಸಲು ಹೊರಟವರು. ಮೂರನೆಯವರು ನಮ್ಮ ಪಕ್ಕದ ಕೇರಳದ ವಕ್ಕಂ ಮೌಲವಿ. 1905ರಲ್ಲಿ ಸ್ವದೇಶಾಭಿಮಾನಿ ಪತ್ರಿಕೆ ಶುರುಮಾಡಿ, ಅದು ತಿರುವಾಂಕೂರು ಸರ್ಕಾರವನ್ನು ಬೈದದ್ದಕ್ಕೆ 1910ರಲ್ಲಿ ಪ್ರೆಸ್ಸನ್ನೇ ಕಳೆದುಕೊಂಡವರು, ಹೆಣ್ಣುಮಕ್ಕಳು ಓದಬೇಕು ಅಂತ ಊರೂರಲ್ಲಿ ಹೇಳಿದವರು, ಅವರಿಗೂ ಅಲ್ ಮನಾರ್ ದಾರಿ ತೋರಿಸಿತ್ತು. ಒಂದೇ ಪತ್ರಿಕೆ ಓದಿ ಒಬ್ಬರು ಲೈಬ್ರರಿಗೆ ಹೋದರು, ಒಬ್ಬರು ಸಂಘಟನೆಗೆ, ಒಬ್ಬರು ಶಾಲೆಗೆ. ಬಾಣ ಎಲ್ಲಿ ಎಳೆಯುತ್ತೀರಿ?

ಕೇರಳದ ಈ ಸುಧಾರಕರ ಸಾಲಿನಿಂದ 1950ರಲ್ಲಿ ಹುಟ್ಟಿದ ಸಂಘಟನೆಯ ಹೆಸರು ಕೇರಳ ನದ್ವತುಲ್ ಮುಜಾಹಿದೀನ್. ಅಲ್ಲಿ ಸಲಫಿಗಳನ್ನು ಜನ ಸುಮ್ನೆ ಮುಜಾಹಿದ್ ಅಂತ ಕರೆಯುತ್ತಾರೆ. ಕಾಸರಗೋಡು ದಾಟಿ ಆ ಮಾತು ನಮ್ಮ ಕಡೆಗೂ ಬಂದಿದೆ. ಹಿಂದಿನ ಸಾಲಿನ ಒಬ್ಬ ಹುಡುಗ ಮುಜಾಹಿದ್ ಅಂದರೆ ಅಫಘಾನಿಸ್ತಾನದಲ್ಲಿ ಬಂದೂಕು ಹಿಡಿದವರಲ್ಲವಾ ಅಂತ ಕೇಳಿದ. ಕಾಕ ಕೈ ಎತ್ತಿ, "ನಮ್ಮ ಕಡೆ ಮುಜಾಹಿದ್ ಅಂದರೆ ದರ್ಗಾಕ್ಕೆ ಹೋಗದವನು, ಅಷ್ಟೇ. ಬಂದೂಕು ಅಲ್ಲ, ಅವನ ಕೈಯಲ್ಲಿ ಜಾಸ್ತಿ ಅಂದರೆ ಟ್ಯೂಷನ್ ಪುಸ್ತಕ" ಅಂದರು. ಇಡೀ ಹಾಲ್ ನಕ್ಕಿತು. ಕರಾವಳಿಯಲ್ಲಿ ಕ್ಲಾಸ್ ಮಾಡುವವರು ಇಲ್ಲಿಂದಲೇ ಶುರು ಮಾಡಬೇಕಿತ್ತು. ಕೊಟ್ಟದ್ದು ಹತ್ತು ನಿಮಿಷ, ಅದೂ ಕಾಕ ಬಾಯಿ ಬಿಟ್ಟದ್ದಕ್ಕೆ.

ಮೂರನೇ ಭಾನುವಾರ ಒಂದಕ್ಕೇ 1500 ರೂಪಾಯಿ ಫೀಸು ಕೊಡಬಹುದು. ಇಬ್ನ್ ತೈಮಿಯ್ಯ 1328ರಲ್ಲಿ ಡಮಾಸ್ಕಸ್ ಕೋಟೆಯ ಜೈಲಿನಲ್ಲಿ ತೀರಿಕೊಂಡ ಪಂಡಿತ. ಅವರ ಕಾಲದಲ್ಲಿ ದಂಡೆತ್ತಿ ಬಂದ ಮಂಗೋಲರು ಮುಸ್ಲಿಮರಾಗಿದ್ದರು, ಆದರೆ ಚೆಂಗೀಸ್ ಖಾನನ ಕಟ್ಟಳೆ ಬಿಟ್ಟಿರಲಿಲ್ಲ, ಹಾಗಾಗಿ ಅವರ ಮೇಲೆ ಯುದ್ಧ ಸರಿ ಅಂತ ಫತ್ವಾ ಕೊಟ್ಟರು. ಸುಮಾರು 650 ವರ್ಷ ಆದಮೇಲೆ ಕೈರೋದಲ್ಲಿ ಅಬ್ದುಸ್ಸಲಾಂ ಫರಜ್ ಅನ್ನುವವನು, ಓದಿದ್ದು ಇಂಜಿನಿಯರಿಂಗ್, ಒಂದು ಸಣ್ಣ ಪುಸ್ತಕ ಬರೆದು ಆ ಮಂಗೋಲರ ಜಾಗದಲ್ಲಿ ಈಜಿಪ್ಟಿನ ಸರ್ಕಾರವನ್ನು ಕೂರಿಸಿದ. ಕುತುಬ್ ಆಗಲೇ ದಾರಿ ಮಾಡಿದ್ದರು, ಈಗಿನ ಸಮಾಜವೇ ಇಸ್ಲಾಂ ಬರುವ ಮುಂಚಿನ ಅಜ್ಞಾನದಲ್ಲಿದೆ ಅಂತ. 1981ರ ಅಕ್ಟೋಬರ್ 6ರಂದು ಮಿಲಿಟರಿ ಪರೇಡಿನಲ್ಲಿ ಸಾದಾತ್ ಕೊಲೆಯಾಯಿತು, ಮರುವರ್ಷ ಫರಜ್‌ಗೆ ಮರಣದಂಡನೆ. ತಕ್ಫೀರ್, ಅಂದರೆ ಮುಸ್ಲಿಮನನ್ನೇ ಮುಸ್ಲಿಮನಲ್ಲ ಅಂತ ಸಾರುವುದು, ಎಲ್ಲ ಇಲ್ಲಿ ನಿಂತಿದೆ. ಅಲ್ಬಾನಿಯೂ ಅದೇ ಇಬ್ನ್ ತೈಮಿಯ್ಯನನ್ನು ಓದಿದವರೇ.

ಆಮೇಲೆ ಬಂದದ್ದು ಅಬ್ದುಲ್ಲಾ ಅಝ್ಝಾಂ. ಪ್ಯಾಲೆಸ್ತೀನಿನವನು, 1984ರಲ್ಲಿ ಪೇಶಾವರದಲ್ಲಿ ಕಚೇರಿ ತೆರೆದು ಸೋವಿಯತ್ ಸೇನೆ ವಿರುದ್ಧದ ಯುದ್ಧಕ್ಕೆ ಅರಬ್ ಹುಡುಗರನ್ನು ಕರೆದ. ಅವನು ಮಾಡಿದ ಬದಲಾವಣೆ ಒಂದು ಪದದಲ್ಲಿದೆ, ಮಾಸ್ಟ್ರು ಅರ್ಧ ಗಂಟೆ ಹೇಳಿದರೂ ನನಗೆ ತಲೆಗೆ ಹೋಗಲಿಲ್ಲ. ಚಾ ಕುಡಿಯುವಾಗ ಕಾಕ ಬಿಡಿಸಿದರು. "ಮಯ್ಯತ್ ನಮಾಝ್, ಸತ್ತವರಿಗೆ ಮಾಡುವುದು ಉಂಟಲ್ಲ, ಅದು ಫರ್ಝ್ ಕಿಫಾಯ. ಊರಲ್ಲಿ ನಾಲ್ಕು ಜನ ಹೋದರೆ ಸಾಕು, ಉಳಿದವರ ತಲೆ ಮೇಲೆ ಇಲ್ಲ. ಐದು ಹೊತ್ತಿನ ನಮಾಝ್ ಫರ್ಝ್ ಐನ್, ನನ್ನದು ನಾನೇ ಮಾಡಬೇಕು. ಇವನು ಯುದ್ಧವನ್ನು ಆ ಪಟ್ಟಿಯಿಂದ ತೆಗೆದು ಈ ಪಟ್ಟಿಗೆ ಹಾಕಿದ. ಅಪ್ಪ ಅಮ್ಮನ ಒಪ್ಪಿಗೆಯೂ ಬೇಡ ಅಂದ." ಗೋಳಿಬಜೆ ಕೈಯಲ್ಲೇ ತಣ್ಣಗಾಯಿತು.

ನಾಲ್ಕನೇ ದಿನ ಪ್ರೊಜೆಕ್ಟರ್ ಕೈಕೊಟ್ಟಿತು. ಮುಕ್ಕಾಲು ಗಂಟೆ ವೈರ್ ಎಳೆದಾಡಿ ಉಳಿದದ್ದನ್ನು ಓಡಿಸಿದರು. 1979ರ ನವೆಂಬರ್ 20ರಂದು ಜುಹೈಮಾನ್‌ನ ಗುಂಪು ಮೆಕ್ಕಾದ ದೊಡ್ಡ ಮಸೀದಿಯನ್ನೇ ಎರಡು ವಾರ ಹಿಡಿದಿಟ್ಟದ್ದಕ್ಕೆ ಐದು ನಿಮಿಷ, ಅದಾದರೂ ಸಲಫಿ ವಲಯದ ಒಳಗಿಂದಲೇ ಎದ್ದ ಬಂದೂಕು, ಬಾಣದ ಪರವಾಗಿ ಮಾಸ್ಟ್ರಿಗೆ ಇದ್ದ ಒಳ್ಳೇ ಸಾಕ್ಷಿ. ಅದನ್ನೇ ಬಿಡಿಸಿ ಹೇಳಲಿಲ್ಲ. 1990ರಲ್ಲಿ ಅಮೆರಿಕದ ಸೈನ್ಯ ಸೌದಿಗೆ ಬಂದಾಗ ಹಿರಿಯ ಪಂಡಿತ ಬಿನ್ ಬಾಝ್ ಒಪ್ಪಿಗೆ ಕೊಟ್ಟದ್ದು, ಕಿರಿಯರು ಸಿಟ್ಟಾದದ್ದು, ಲಾದೆನ್ ದೂರದ ಶತ್ರು ಅಂತ ಅಮೆರಿಕದ ಕಡೆ ತಿರುಗಿದ್ದು, ಎಲ್ಲ ಎರಡೆರಡು ಸಾಲು. 2014ರಲ್ಲಿ ಅಲ್ ಖೈದಾವೇ ಐಸಿಸ್ ನಮ್ಮದಲ್ಲ ಅಂದದ್ದು, ಅದೇ ವರ್ಷ ನೂರಕ್ಕೂ ಜಾಸ್ತಿ ಪಂಡಿತರು ಐಸಿಸ್ ನಾಯಕ ಬಗ್ದಾದಿಗೆ ಬಹಿರಂಗ ಪತ್ರ ಬರೆದು ನಿನ್ನ ಖಿಲಾಫತ್ ಸುಳ್ಳು ಅಂದದ್ದು ನೋಟ್ಸಿನಲ್ಲಿದೆ, ಬಾಯಲ್ಲಿ ಬರಲಿಲ್ಲ.

ನೋಟ್ಸ್ ಬಗ್ಗೆ ಒಂದು ಮಾತು. ಝೆರಾಕ್ಸ್ ಮಾಡಿದವರು ಎಡ ಅಂಚು ಕತ್ತರಿಸಿದ್ದಾರೆ, ಇಸವಿಗಳೆಲ್ಲ ಅಲ್ಲೇ ಇದ್ದವು. 19 ಹೋಗಿ ಬರೀ 28, 66, 81. ಎಸಿ ಫ್ರೀಝರ್ ಹಾಗೆ, ಶಾಲು ಇಟ್ಟುಕೊಳ್ಳಿ. ಪಾರ್ಕಿಂಗ್ ಇಲ್ಲವೇ ಇಲ್ಲ, ಬಸ್ಸಿನಲ್ಲಿ ಹೋಗಿ.

ಮುಂದಿನ ಬ್ಯಾಚಿಗೆ ಸೇರುವವರು ಮೂರನೇ ದಿನ ತಪ್ಪಿಸಬೇಡಿ, ಎರಡನೇ ದಿನ ಬಾಣ ಬಂದಾಗ ಕೈ ಎತ್ತಿ. ಫೀಸಿನ ಜೊತೆ ಒಂದು ಪುಸ್ತಕ ಕೊಡುತ್ತೇವೆ ಅಂದಿದ್ದರು. ಮೂರು ಸಲ ಫೋನ್ ಮಾಡಿದೆ, ಮುಂದಿನ ವಾರ ಅಂತಾರೆ. ಕಾಕನಿಗೂ ಬಂದಿಲ್ಲ.