ಹಳೆ ಆಟೊಮ್ಯಾಟಿಕ್ ಗಾಡಿಯ ಗಡಗಡ: ಡಾಂಗಲ್, ಗ್ಯಾರೇಜ್ ಸ್ಕ್ಯಾನರ್, ಬಾಟಲಿ, ಎಟಿಎಫ್ – ಮೊದಲು ಯಾವುದು?

ಅರವತ್ತರಿಂದ ಎಂಬತ್ತರ ವೇಗ, ಆಕ್ಸಿಲರೇಟರ್ ಮೇಲೆ ಕಾಲು ಹಗುರ. ಟೋಲ್ ನಾಕಾದ ಮುಂದಿನ ಪಟ್ಟಿಗಳ ಮೇಲೆ ಹಾಯ್ದಂತೆ ಎರಡು ಮೂರು ಸೆಕೆಂಡ್ ಗಡಗಡ, ಆಮೇಲೆ ಏನೂ ಆಗಿಲ್ಲವೆಂಬಂತೆ ಶಾಂತ. ಹತ್ತು ಹನ್ನೆರಡು ವರ್ಷ ದಾಟಿದ ಟಾರ್ಕ್ ಕನ್ವರ್ಟರ್ (ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಎಣ್ಣೆಯ ಜೋಡಣೆ) ಇರುವ ಆಟೊಮ್ಯಾಟಿಕ್ ಗಾಡಿಗಳಲ್ಲಿ ಇದು ಸಾಮಾನ್ಯ ದೂರು. ಓಡಿಸಿ ನೋಡದೆ "ಗೇರ್‌ಬಾಕ್ಸ್ ಇಳಸಬೇಕ್ರಿ" ಅನ್ನುವ ಮಿಸ್ತ್ರಿಗಳಿಗೆ ನಮ್ಮ ಕಡೆ ಕೊರತೆ ಇಲ್ಲ. ಇಳಿಸಿ ಕಟ್ಟಿ, ಹತ್ತಾರು ಸಾವಿರ ಬಿಲ್ ಆದ ಮೇಲೂ ಗಡಗಡ ಉಳಿದರೆ ತಪ್ಪು ಮೊದಲ ದಿನದ್ದು: ನಡುಕ ಗೇರ್‌ಬಾಕ್ಸಿನದೋ ಎಂಜಿನ್ನಿನದೋ ಎಂದು ಬೇರ್ಪಡಿಸಿರಲಿಲ್ಲ.

ನನ್ನ ಆಯ್ಕೆ ಈಗಲೇ ಹೇಳಿಬಿಡುತ್ತೇನೆ: ಸಾವಿರ ರೂಪಾಯಿ ಆಸುಪಾಸಿನ ಬ್ಲೂಟೂತ್ ಓಬಿಡಿ ಡಾಂಗಲ್ (ಗಾಡಿಯ ಸಾಕೆಟ್‌ಗೆ ಚುಚ್ಚಿದರೆ ಅದರ ಕಂಪ್ಯೂಟರಿನ ರೀಡಿಂಗ್‌ಗಳನ್ನು ಫೋನಿಗೆ ಕಳಿಸುವ ಸಾಧನ), ಜೊತೆಗೆ ಎಡಗಾಲು. ಉಳಿದ ಮೂರೂ ಇದರ ನಂತರ.

ಎಡಗಾಲಿನ ಕೆಲಸ ಇಷ್ಟು. ಕನ್ವರ್ಟರ್ ಒಳಗೆ ಎಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವುದು ಎಣ್ಣೆ. ವೇಗ ಸ್ಥಿರವಾದ ಮೇಲೆ ಲಾಕಪ್ ಕ್ಲಚ್ ಹಿಡಿದು ಎರಡನ್ನೂ ಬಿಗಿಯುತ್ತದೆ. ಆ ಎಣ್ಣೆ, ಅಂದರೆ ಎಟಿಎಫ್, ಹಳತಾಗಿ ಘರ್ಷಣೆ ಹದಗೊಳಿಸುವ ಅಂಶ ಸತ್ತರೆ ಆ ಕ್ಲಚ್ ಹಿಡಿದು, ಜಾರಿ, ಮತ್ತೆ ಹಿಡಿಯುತ್ತದೆ. ಒಳಗೆ ಕೂತವರಿಗೆ ಅದೇ ಗಡಗಡ. ಆ ಹೊತ್ತಿಗೆ ಬಲಗಾಲು ಅಲುಗಿಸದೆ, ಎಡಗಾಲಲ್ಲಿ ಬ್ರೇಕ್ ಪೆಡಲನ್ನು ಹಿಂದಿನ ದೀಪ ಹತ್ತುವಷ್ಟು ಮಾತ್ರ ಮುಟ್ಟಬೇಕು, ಪ್ಯಾಡ್ ಕಚ್ಚಬಾರದು. ಬ್ರೇಕ್ ಸ್ವಿಚ್ ಸಿಕ್ಕ ಕೂಡಲೇ ಕಂಪ್ಯೂಟರ್ ಲಾಕಪ್ ಬಿಡಿಸುತ್ತದೆ, ಆರ್‌ಪಿಎಂ ನೂರು ಮುನ್ನೂರು ಏರುತ್ತದೆ, ಗಡಗಡ ನಿಲ್ಲುತ್ತದೆ. ಹಿಂದೆ ಲಾರಿ ಇಲ್ಲದಾಗ ಮಾತ್ರ ಮಾಡಿ.

ಗಡಗಡ ನಿಂತಿತು, ಹಾಗಾದರೆ ಕನ್ವರ್ಟರ್‌ದೇ ಅಂದುಕೊಂಡರೆ ಅಲ್ಲೇ ಮೋಸ. ಎಂಜಿನ್ನಿನ ಒಂದು ಸಿಲಿಂಡರ್ ಹಗುರಾಗಿ ಮಿಸ್ಸಿಂಗ್ ಹೊಡೆಯುತ್ತಿದ್ದರೂ, ಅಂದರೆ ನಡುನಡುವೆ ಉರಿಯದೆ ಹೋಗುತ್ತಿದ್ದರೂ, ಬ್ರೇಕ್ ಮುಟ್ಟಿದಾಗ ನಡುಕ ನಿಲ್ಲಬಹುದು. ಲಾಕಪ್ ಇರುವಾಗ ಎಂಜಿನ್ನಿನ ಪ್ರತಿ ಏಟೂ ನೇರವಾಗಿ ಚಕ್ರಕ್ಕೆ ಹೋಗುತ್ತದೆ. ಲಾಕಪ್ ಬಿಟ್ಟರೆ ಎಣ್ಣೆ ಆ ಏಟನ್ನು ನುಂಗುತ್ತದೆ. ಸೀಟಿನಲ್ಲಿ ಕೂತವರಿಗೆ ಎರಡೂ ಒಂದೇ. ಒಂದು ರೋಗಕ್ಕೆ ಕಿಡಿ ಹೊತ್ತಿಸುವ ಕಾಯಿಲ್ ಮತ್ತು ಪ್ಲಗ್ ಸಾಕು, ಇನ್ನೊಂದಕ್ಕೆ ಎಟಿಎಫ್ ಅಥವಾ ಕನ್ವರ್ಟರ್. ಡಾಂಗಲ್ ಬೇಕಾಗುವುದು ಇಲ್ಲೇ.

ಲೆಕ್ಕ ಸುಲಭ: ಟಾಪ್ ಗೇರಿನಲ್ಲಿ ಲಾಕಪ್ ಪೂರ್ತಿ ಹಿಡಿದಿದ್ದರೆ ಆರ್‌ಪಿಎಂ ಅನ್ನು ವೇಗದಿಂದ ಭಾಗಿಸಿ ಬಂದ ಸಂಖ್ಯೆ ಬದಲಾಗುವಂತಿಲ್ಲ. 80ಕ್ಕೆ 2000 ಇದ್ದರೆ 25. 70ಕ್ಕೂ 25, 90ಕ್ಕೂ 25. ಗಡಗಡ ಬಂದಾಗಲೂ 25ರಲ್ಲೇ ನಿಂತರೆ ಕ್ಲಚ್ ಜಾರುತ್ತಿಲ್ಲ, ಎಂಜಿನ್ ಕಡೆ ತಿರುಗಿ. 25.5, 26 ಎಂದು ಮೇಲೆ ಹೋದರೆ ಜಾರುತ್ತಿದೆ.

ಕಾಗದದ ಮೇಲೆ ಇಷ್ಟು ಸರಳ. ಗಾಡಿಯಲ್ಲಿ ಕೂತರೆ ಈ ಅಗ್ಗದ ಡಾಂಗಲ್ ತಲೆ ತಿನ್ನುತ್ತದೆ. ಕ್ಲಚ್ಚಿನ ನಡುಕ ಸೆಕೆಂಡಿಗೆ ಹತ್ತಾರು ಬಾರಿ ಆಗುವಂಥದ್ದು. ಗಾಡಿಯ ಕಂಪ್ಯೂಟರ್ ಡಾಂಗಲ್ ಜೊತೆ ಮಾತಾಡುವ ತಂತಿ ಹಳೆ ಗಾಡಿಗಳಲ್ಲಿ ಬಹಳ ಸಲ ಕೆ-ಲೈನ್: ಸೆಕೆಂಡಿಗೆ 10,400 ಬಿಟ್. ಆಮೇಲೆ ಬಂದ, ಕ್ಯಾನ್ ಎಂಬ ಜಾಲ ಇರುವ ಗಾಡಿಗಳಲ್ಲಿ ಸಾಮಾನ್ಯವಾಗಿ 5,00,000. ಕೆ-ಲೈನಿನಲ್ಲಿ ಆ್ಯಪ್ ಒಂದೊಂದೇ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತದೆ. ಪರದೆ ಮೇಲೆ ಚೆಂದಕ್ಕೆ ಆರು ಮೀಟರ್ ಇಟ್ಟರೆ ಒಂದೊಂದು ಬದಲಾಗುವ ಹೊತ್ತಿಗೆ ಗಡಗಡ ಮುಗಿದೇ ಹೋಗಿರುತ್ತದೆ. ಹಾಗಾಗಿ ಎಲ್ಲ ತೆಗೆದು ಆರ್‌ಪಿಎಂ ಮತ್ತು ವೇಗ, ಎರಡೇ ಇಡಬೇಕು. ಆಗಲೂ ನಡುಕದ ಚಿತ್ರ ಸಿಗುವುದಿಲ್ಲ. ಸರಾಸರಿ ಜಾರಿಕೆ ಮಾತ್ರ ಸಿಗುತ್ತದೆ.

ಅದರ ಮೇಲೆ ಇನ್ನೊಂದು: ಡಾಂಗಲ್ ಕೊಡುವ ವೇಗ ಪೂರ್ಣಾಂಕ. 80.1 ಇದ್ದರೂ 80, 80.9 ಇದ್ದರೂ 80 ಎಂದಿಟ್ಟುಕೊಳ್ಳಿ. 2000 ಆರ್‌ಪಿಎಂನಲ್ಲಿ ಒಂದು ಕಿಲೋಮೀಟರ್ ವ್ಯತ್ಯಾಸ ಎಂದರೆ 25 ಇದ್ದದ್ದು 24.7. ಕ್ಲಚ್ 50 ಆರ್‌ಪಿಎಂ ಜಾರಿದರೆ 25.6. ಹಿಡಿಯಬೇಕಾದ ವ್ಯತ್ಯಾಸವೇ ಅಳತೆಯ ದೋಷದ ಎರಡರಷ್ಟು ಮಾತ್ರ. ಒಂದು ರೀಡಿಂಗ್ ನೋಡಿ ತೀರ್ಮಾನ ಮಾಡಿದರೆ ಮೋಸ ಹೋಗುವುದು ಖಂಡಿತ.

ದಾರಿ ಹೀಗೆ. ಆ್ಯಪಿನ ಲಾಗ್ ಆನ್ ಮಾಡಿ. ಗಡಗಡ ಇಲ್ಲದ ನಯವಾದ ಓಟದ ಒಂದು ನಿಮಿಷ ಮೊದಲು ದಾಖಲಿಸಿ. ಅದರ ಸರಾಸರಿಯೇ ನಿಮ್ಮ ಗಾಡಿಯ 25. ಆಮೇಲೆ ಅದೇ ಗೇರಿನಲ್ಲಿ ಕಾಲನ್ನು ಹಗುರಾಗಿ ಒತ್ತಿ ಒತ್ತಿ ಗಡಗಡವನ್ನು ಎಂಟು ಹತ್ತು ಬಾರಿ ಬರಿಸಿ. ಪಕ್ಕದಲ್ಲಿ ಕೂತವರು ಪ್ರತಿ ಸಲ ಸಮಯ ಬರೆದುಕೊಳ್ಳಲಿ, ಓಡಿಸುವವರು ಫೋನ್ ಮುಟ್ಟಬಾರದು. ಮನೆಗೆ ಬಂದು ಆ ಸೆಕೆಂಡುಗಳ ರೀಡಿಂಗ್‌ಗಳನ್ನಷ್ಟೇ ಒಟ್ಟುಗೂಡಿಸಿ ಸರಾಸರಿ ತೆಗೆಯಿರಿ. ನಲವತ್ತು ಐವತ್ತು ರೀಡಿಂಗ್ ಸೇರಿದರೆ ಪೂರ್ಣಾಂಕದ ದೋಷ ಅತ್ತಿತ್ತ ಹಂಚಿಹೋಗಿ ಜಾರಿಕೆ ಎದ್ದು ಕಾಣುತ್ತದೆ.

ರಸ್ತೆ ಆರಿಸುವುದೂ ಮುಖ್ಯ. ಅಣ್ಣಿಗೇರಿ ಕಡೆಯ ಗದಗ ರಸ್ತೆ ಸಮತಟ್ಟೇನೋ ಹೌದು, ಆದರೆ ಕೆಳಗೆ ಎರೆಭೂಮಿ. ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವ ಮಣ್ಣಿನ ಮೇಲೆ ಡಾಂಬರು ಅಲೆ ಅಲೆಯಾಗುತ್ತದೆ, ಆ ಅಲೆಯೇ ಗಡಗಡದಂತೆ ಭಾಸವಾಗಬಹುದು. ಹೋಗುವಾಗ ಬರುವಾಗ ಅದೇ ಕಲ್ಲಿನ ಹತ್ತಿರ ನಡುಗಿದರೆ ತಪ್ಪು ರಸ್ತೆಯದು. ಹುಬ್ಬಳ್ಳಿಯಿಂದ ವರೂರು ದಾಟಿ ಹಾವೇರಿ ಕಡೆ ಹೋಗುವ 48ನೇ ಹೆದ್ದಾರಿ ಈ ಪರೀಕ್ಷೆಗೆ ಉತ್ತಮ. ಬೆಳಿಗ್ಗೆ ತಣ್ಣಗಿದ್ದಾಗಲೂ ಗಮನಿಸಿ: ಎಂಜಿನ್ ಬಿಸಿಯಾಗುವವರೆಗೆ ಬಹುತೇಕ ಗಾಡಿಗಳಲ್ಲಿ ಲಾಕಪ್ ಆಗುವುದೇ ಇಲ್ಲ. ಮೊದಲ ಎರಡು ಕಿಲೋಮೀಟರಿನಲ್ಲೇ ನಡುಕ ಇದ್ದರೆ ಕನ್ವರ್ಟರ್ ಕ್ಲಚ್ಚನ್ನು ದೂರಬೇಡಿ.

ಲೆಕ್ಕ ಎಂಜಿನ್ ಕಡೆ ಬೆರಳು ತೋರಿದರೆ ಆ್ಯಪಿನಲ್ಲಿ ದೋಷದ ಕೋಡ್ ನೋಡಿ. ಪಿ0301 ಒಂದನೇ ಸಿಲಿಂಡರ್, ಪಿ0302 ಎರಡನೆಯದು. ಆ ಸಿಲಿಂಡರಿನ ಕಾಯಿಲನ್ನು ಪಕ್ಕದ್ದರ ಜೊತೆ ಅದಲುಬದಲು ಮಾಡಿ ಓಡಿಸಿ. ಕೋಡ್ ಕಾಯಿಲ್ ಹಿಂದೆಯೇ ಹೋದರೆ ಕಾಯಿಲ್ ಕೆಟ್ಟಿದೆ, ಹೋಗದಿದ್ದರೆ ಪ್ಲಗ್, ಆಮೇಲೆ ಇಂಜೆಕ್ಟರ್. ನಮ್ಮಲ್ಲಿ ಓಬಿಡಿಯ ಎರಡನೇ ಹಂತ ಬಂದದ್ದು 2013ರ ಏಪ್ರಿಲ್‌ನಲ್ಲಿ. ಅದಕ್ಕಿಂತ ಹಳೆ ಗಾಡಿಯಲ್ಲಿ ಮಿಸ್ಸಿಂಗ್ ಇದ್ದರೂ ಕೋಡ್ ಬರಲೇಬೇಕೆಂದಿಲ್ಲ. ಆಗ ಪ್ಲಗ್ ಬಿಚ್ಚಿ ಕಣ್ಣಲ್ಲೇ ನೋಡಬೇಕು.

ಗ್ಯಾರೇಜಿನ ದೊಡ್ಡ ಸ್ಕ್ಯಾನರ್ ನಿಜಕ್ಕೂ ಮೇಲು. ಕನ್ವರ್ಟರ್ ಜಾರಿಕೆ, ಲಾಕಪ್ ಸೊಲೆನಾಯ್ಡ್ (ಲಾಕಪ್ ಹಿಡಿಸುವ ವಿದ್ಯುತ್ ಕವಾಟ), ಎಟಿಎಫ್ ಬಿಸಿ ಎಲ್ಲ ನೇರವಾಗಿ ತೋರಿಸಬಲ್ಲದು, ಭಾಗಾಕಾರದ ಗೋಜಿಲ್ಲ. ತೊಂದರೆ ಯಂತ್ರದ್ದಲ್ಲ, ಬಳಸುವ ರೀತಿಯದು. ನಿಂತ ಗಾಡಿಗೆ ಚುಚ್ಚಿ "ಕೋಡ್ ಇಲ್ರಿ, ಗಾಡಿ ಚಲೋ ಐತಿ" ಎಂದು ಹಣ ತೆಗೆದುಕೊಂಡರೆ ಏನೂ ತಿಳಿಯುವುದಿಲ್ಲ. ಕನ್ವರ್ಟರ್ ನಡುಕ ಬಹಳ ಸಲ ಯಾವ ಕೋಡನ್ನೂ ಹಾಕುವುದಿಲ್ಲ. ಸ್ಕ್ಯಾನರ್ ಹಚ್ಚಿಕೊಂಡೇ ಬೈಪಾಸಿಗೆ ಬರಲು ಒಪ್ಪುವವರು ಸಿಕ್ಕರೆ ಡಾಂಗಲ್ ಬಿಟ್ಟು ಅವರ ಬಳಿಗೇ ಹೋಗಿ.

ಬಾಟಲಿ ಔಷಧ, ಅಂದರೆ ಎಟಿಎಫ್‌ಗೆ ಸುರಿಯುವ ನಡುಕ ನಿವಾರಕ: ನಡುಕ ನಿಂತರೆ ಅದು ಕ್ಲಚ್ಚಿನದೇ ಎಂದು ತಿಳಿಯುತ್ತದೆ, ಆದರೆ ಹಳೆ ಎಣ್ಣೆ ಹಳೆಯದಾಗಿಯೇ ಉಳಿಯುತ್ತದೆ. ಸಿವಿಟಿಗೆ, ಅಂದರೆ ಬೆಲ್ಟಿನ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ, ಸುರಿಯಬೇಡಿ.

ಎಟಿಎಫ್ ಬದಲಾವಣೆ ಎರಡನೇ ಸ್ಥಾನದಲ್ಲಿದೆ. ಪರೀಕ್ಷೆಯೂ ಹೌದು, ಬಹಳ ಸಲ ಮದ್ದೂ ಹೌದು. ಒಂದು ಸಲ ಬಸಿದು ಹಾಕಿ "ಫರಕ್ ಆಗ್ಲಿಲ್ಲ" ಅನ್ನುವವರು ಲೆಕ್ಕ ನೋಡಿರುವುದಿಲ್ಲ. ಬಸಿದರೆ ಬರುವುದು ಸಂಪಿನದು, ಕನ್ವರ್ಟರಿನದು ಒಳಗೇ ಉಳಿಯುತ್ತದೆ. ಐದು ಗೇರಿನ ಹಳೆ ಹೋಂಡಾಗಳಲ್ಲಿ ಒಟ್ಟು ಆರು ಲೀಟರ್ ಆಸುಪಾಸಿನಲ್ಲಿ ಹೊರಬರುವುದು ಸುಮಾರು ಎರಡೂವರೆ. ಒಂದು ಸಲಕ್ಕೆ ಹಳತು ಸುಮಾರು ಶೇಕಡಾ 58 ಉಳಿಯುತ್ತದೆ, ಎರಡನೆಯದಕ್ಕೆ 34, ಮೂರನೆಯದಕ್ಕೆ 20. ಮೂರು ಸಲ ಮಾಡಬೇಕು, ನಡುವೆ ಐವತ್ತು ಕಿಲೋಮೀಟರ್ ಓಡಿಸಿ. ಏಳೂವರೆ ಲೀಟರ್ ಬೇಕು, ಎಂಟು ತನ್ನಿ.

ಆ ಗೇರ್‌ಬಾಕ್ಸಿನ ಡ್ರೇನ್ ಬೋಲ್ಟಿಗೆ ಸಾಕೆಟ್ ಬೇಡ, 3/8 ಇಂಚಿನ ರ‍್ಯಾಚೆಟ್‌ನ ಚೌಕವೇ ಕೂರುತ್ತದೆ. ಹೊರಬಂದ ಎಣ್ಣೆಯನ್ನು ಅಳತೆಯ ಜಗ್ಗಿಗೆ ಹಿಡಿದು ಅಷ್ಟೇ ಹಾಕಿ. ಹೊಸ ವಾಷರ್, ಬಿಗಿ 49 ನ್ಯೂಟನ್ ಮೀಟರ್. ಬೋಲ್ಟಿನ ಆಯಸ್ಕಾಂತಕ್ಕೆ ಬೂದು ಬಣ್ಣದ ನುಣುಪಾದ ಕೆಸರು ಅಂಟಿದ್ದರೆ ಚಿಂತೆಯಿಲ್ಲ. ಬೆರಳಿಗೆ ಚುಚ್ಚುವ ಲೋಹದ ಚೂರು ಸಿಕ್ಕರೆ ಹೊಸ ಎಣ್ಣೆಗೆ ದುಡ್ಡು ಹಾಕುವುದನ್ನು ಅಲ್ಲಿಗೇ ನಿಲ್ಲಿಸಿ. ಮಟ್ಟ ನೋಡುವುದು ಬಿಸಿಯಾದ ಗಾಡಿಯನ್ನು ಸಮತಟ್ಟು ಜಾಗದಲ್ಲಿ ಆಫ್ ಮಾಡಿದ 60ರಿಂದ 90 ಸೆಕೆಂಡಿನೊಳಗೆ. ಹೋಂಡಾದ ಹಳೆಯ ಜೆಡ್-1 ಎಣ್ಣೆ ಬದಲು ಅದರದೇ ಡಿಡಬ್ಲ್ಯೂ-1 ಹಾಕಬಹುದು, "ಎಲ್ಲಾ ಒಂದೇರಿ" ಎಂದು ಕೊಡುವ ಬಿಡಿ ಎಣ್ಣೆ ಬೇಡ. ಅಳತೆಕಡ್ಡಿಯೇ ಇಲ್ಲದ ಗೇರ್‌ಬಾಕ್ಸುಗಳಲ್ಲಿ ಎಣ್ಣೆಯ ಬಿಸಿ ಅಳೆದು ಮಟ್ಟ ಇಡಬೇಕು, ಅದನ್ನು ತಿಳಿದವರಿಗೇ ಬಿಡಿ.

ಸಿಗ್ನಲ್ಲಿನಲ್ಲಿ ಡಿ ಹಾಕಿ ನಿಂತಾಗ ನಡುಗಿ ಎನ್‌ಗೆ ಬಂದರೆ ನಿಂತರೆ, ಮೊದಲು ಎಂಜಿನ್ ಮೌಂಟ್ ನೋಡಿ. ಬ್ರೇಕ್ ಹಾಕಿದಾಗ ಮಾತ್ರ ಆದರೆ ಡಿಸ್ಕ್. ಎಎಂಟಿ ಗಾಡಿಗೆ (ಮಾಮೂಲಿ ಗೇರ್‌ಬಾಕ್ಸನ್ನೇ ಯಂತ್ರ ಬದಲಿಸುವಂಥದ್ದು, ಕನ್ವರ್ಟರ್ ಇಲ್ಲ) ಮೇಲಿನ ಲೆಕ್ಕ ಯಾವುದೂ ಹೊಂದುವುದಿಲ್ಲ.

ವಾರಕ್ಕೆರಡು ಸಲ ಹೆದ್ದಾರಿ ಓಟ, ಗಾಡಿ ಕೆಳಗೆ ಮಲಗಲು ಬೇಸರವಿಲ್ಲ, ಕೈಯಲ್ಲಿ ಹತ್ತು ಸಾವಿರ ಅಂದರೆ ನನ್ನ ಕ್ರಮ ಇದು: ಎಡಗಾಲು, ಡಾಂಗಲ್, ಕ್ಲಚ್ ಜಾರುತ್ತಿದೆ ಎಂದು ಲೆಕ್ಕ ಹೇಳಿದರೆ ಮೂರು ಸಲ ಎಟಿಎಫ್. ಧಾರವಾಡ–ಹುಬ್ಬಳ್ಳಿ ನಡುವೆ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಮಾತ್ರ ಓಡಿಸುವವರಿಗೆ ಲಾಗ್ ಹಿಡಿಯುವಷ್ಟು ಸ್ಥಿರ ಓಟವೇ ಸಿಗದು. ಅವರು ಸ್ಕ್ಯಾನರ್ ಜೊತೆ ಓಡಿಸಿ ನೋಡುವ ಗ್ಯಾರೇಜ್ ಹುಡುಕುವುದೇ ಸರಿ. ಡಾಂಗಲ್ ಕೊಂಡವರು ರಾತ್ರಿ ಅದನ್ನು ಸಾಕೆಟ್‌ನಿಂದ ಕಿತ್ತಿಡಿ. ಗಾಡಿ ಆಫ್ ಇದ್ದರೂ ಆ ಸಾಕೆಟ್‌ಗೆ ಕರೆಂಟ್ ಇರುತ್ತದೆ, ನಾಲ್ಕು ದಿನ ಊರಿಗೆ ಹೋಗಿ ಬಂದರೆ ಹಳೆ ಬ್ಯಾಟರಿ ಮಲಗಿರಬಹುದು.