ಎಡಗಣ್ಣಿಗೆ ಪೇಸ್ಟು, ಬಲಗಣ್ಣಿಗೆ ಉಪ್ಪುಕಾಗದ

ರಾತ್ರಿ ಕಾರು ಓಡಿಸುವಾಗ ರಸ್ತೆ ಮಸುಕಾಗಿ ಕಾಣತೊಡಗಿದಾಗ ನಾನು ಮೊದಲು ಹೋದದ್ದು ಕಣ್ಣಿನ ವೈದ್ಯರ ಬಳಿಗೆ. ವಯಸ್ಸಾಯಿತಲ್ಲ, ಪೊರೆ ಬಂದಿರಬೇಕು ಎಂದು ರೋಗವನ್ನೂ ನಾನೇ ನಿರ್ಧರಿಸಿಕೊಂಡು ಹೋಗಿದ್ದೆ. ಅವರು ದೀಪ ಬಿಟ್ಟು ನೋಡಿ, ಅಕ್ಷರ ಓದಿಸಿ, ಕನ್ನಡಕದ ನಂಬರು ಕೂಡ ಬದಲಾಗಿಲ್ಲ ಎಂದು ಕಳುಹಿಸಿಬಿಟ್ಟರು. ಹೊರಗೆ ಬಂದು ಕಾರಿನ ಎದುರು ನಿಂತಾಗ ಕಣ್ಣಿಗೆ ಬಿತ್ತು: ಪೊರೆ ಬಂದಿರುವುದು ಕಾರಿಗೆ. 14 ವರ್ಷದ ಗಾಡಿ. ಎರಡೂ ಹೆಡ್‌ಲೈಟುಗಳು ಹಳೆಯ ಡಬ್ಬಿಯ ಮುಚ್ಚಳದಂತೆ ಹಳದಿಗಟ್ಟಿ, ಮೇಲಂಚಿನಲ್ಲಿ ಬೂದಿ ಬಳಿದಂತಾಗಿದ್ದವು. ದಿನವೂ ಅದರ ಮುಂದೆಯೇ ಓಡಾಡುತ್ತಿದ್ದೆ, ಗಮನಿಸಿರಲಿಲ್ಲ.

ಗಮನಿಸಿದ ಮೇಲೂ ನೇರವಾಗಿ ಮದ್ದಿಗೆ ಬರಲಿಲ್ಲ. ಬೆಳಕು ಕಡಿಮೆಯೆಂದರೆ ಬಲ್ಬು ಹಳತಾಗಿದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಹೊಸ ಹ್ಯಾಲೊಜೆನ್ ಬಲ್ಬುಗಳನ್ನು ತಂದು ಹಾಕಿದೆ. ಅದೇ 60/55 ವ್ಯಾಟಿನವು. ಕೂದಲೆಳೆಯಷ್ಟು ವ್ಯತ್ಯಾಸವಾಯಿತು. ಹಾಕುವಾಗ ಒಂದರ ಗಾಜನ್ನು ಬರಿಗೈಯಲ್ಲಿ ಹಿಡಿದಿದ್ದೆ. ಅದು ಎರಡೇ ತಿಂಗಳಲ್ಲಿ ಸುಟ್ಟುಹೋಯಿತು. ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ಹೆಚ್ಚು ಕಾದು ಬಲ್ಬಿನ ಆಯುಸ್ಸು ಕುಗ್ಗುತ್ತದೆ ಎಂಬುದನ್ನು ಓದಿದ್ದೆ. ಓದಿದ್ದಕ್ಕೂ ಕೈಗೂ ಸಂಬಂಧ ಬೆಳೆದಿರಲಿಲ್ಲ, ಅಷ್ಟೆ.

ಆಮೇಲೆ ಮೀಟರ್ ಹಿಡಿದು ನೋಡಿದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಬಳಿ 14.1 ವೋಲ್ಟ್, ಬಲ್ಬಿನ ಹಿಂಬದಿಯಲ್ಲಿ 12.7. ನಡುವಿನ ಒಂದೂಕಾಲು, ಒಂದೂವರೆ ವೋಲ್ಟನ್ನು ಹಳೆಯ ತಂತಿ ಮತ್ತು ದೀಪದ ತಂತಿಯನ್ನು ಕಾರಿನ ಲೋಹದ ಮೈಗೆ ಸೇರಿಸುವ, ತುಕ್ಕು ಹಿಡಿದ ಅರ್ತ್ ಬೋಲ್ಟು ನುಂಗುತ್ತಿದ್ದವು. ಇದನ್ನು ಸಣ್ಣ ನಷ್ಟವೆಂದುಕೊಳ್ಳಬಾರದು. ತಂತುವಿನ ಬಲ್ಬಿನಲ್ಲಿ ವೋಲ್ಟೇಜ್ ಶೇ 10ರಷ್ಟು ಇಳಿದರೆ ಬೆಳಕು ಸುಮಾರು ಶೇ 30ರಷ್ಟು ಇಳಿಯುತ್ತದೆ. ಬೋಲ್ಟು ಬಿಚ್ಚಿ, ಅದರ ಅಡಿಯ ಲೋಹ ಹೊಳೆಯುವವರೆಗೆ ಉಜ್ಜಿ, ಮತ್ತೆ ಬಿಗಿದೆ. ಮೀಟರಿನಲ್ಲಿ 13.6 ಬಂತು. ಈ ಇಡೀ ಪ್ರಯೋಗದಲ್ಲಿ ಖರ್ಚೇ ಇಲ್ಲದೆ ಫಲ ಕೊಟ್ಟ ಕೆಲಸ ಇದೊಂದೇ. ಹಳೆಯ ಕಾರಿನವರು ಲೆನ್ಸಿಗೆ ಕೈ ಹಾಕುವ ಮೊದಲು ಇದನ್ನು ನೋಡಿಕೊಳ್ಳಿ.

ಇನ್ನು ಲೆನ್ಸು. ಮೊದಲಿನ ಕಾರುಗಳಿಗೆ ಗಾಜಿನ ಹೆಡ್‌ಲೈಟು ಇರುತ್ತಿತ್ತು, ಒಡೆಯಬಹುದಿತ್ತು, ಹಳದಿಯಾಗುತ್ತಿರಲಿಲ್ಲ. ಈಗಿನವು ಪಾಲಿಕಾರ್ಬೊನೇಟಿನವು. ಹಗುರ, ಕಲ್ಲು ಸಿಡಿದರೂ ಸುಲಭಕ್ಕೆ ಒಡೆಯುವುದಿಲ್ಲ. ಆದರೆ ಈ ಪ್ಲಾಸ್ಟಿಕ್ಕಿಗೆ ಬಿಸಿಲಿನ ಅತಿನೇರಳೆ ಕಿರಣ ಆಗಿಬರುವುದಿಲ್ಲ. ಹಾಗಾಗಿ ಕಾರ್ಖಾನೆಯಲ್ಲೇ ಅದರ ಮೇಲೆ ಗಟ್ಟಿಯಾದ, ಕಣ್ಣಿಗೆ ಕಾಣದ ರಕ್ಷಣಾ ಪದರವೊಂದನ್ನು ಬಳಿದಿರುತ್ತಾರೆ. ವರ್ಷಗಳು ಕಳೆದಂತೆ ಆ ಪದರ ಬಿರಿದು, ಸಿಪ್ಪೆಯೆದ್ದು ಹೋಗುತ್ತದೆ. ಬಿಸಿಲು ನೇರವಾಗಿ ಬೀಳುವ ಮೇಲಂಚಿನಲ್ಲೇ ಇದು ಮೊದಲು ಶುರುವಾಗುವುದು. ಪೊರೆ ಬಂದ ಲೆನ್ಸು ಬೆಳಕನ್ನು ತಡೆಯುವುದಲ್ಲದೆ ಚೆದುರಿಸುತ್ತದೆ ಕೂಡ. ನಮಗೆ ರಸ್ತೆ ಕಾಣುವುದಿಲ್ಲ, ಎದುರು ಬರುವವರ ಕಣ್ಣು ಕುಕ್ಕುತ್ತದೆ.

ಕಾರಿಗೆ ಎರಡು ಕಣ್ಣು ಇರುವುದು ಹೋಲಿಕೆ ಮಾಡುವವರಿಗೆ ಒಂದು ವರ. ಒಂದೇ ಭಾನುವಾರ, ಒಂದೇ ಕಾರಿನಲ್ಲಿ, ಎಡಕ್ಕೆ ಒಂದು ಮದ್ದು, ಬಲಕ್ಕೆ ಇನ್ನೊಂದು ಎಂದು ತೀರ್ಮಾನಿಸಿದೆ.

ಎಡಗಣ್ಣಿಗೆ ಹಲ್ಲುಜ್ಜುವ ಪೇಸ್ಟು. ಎಲ್ಲರೂ ಹೇಳುವ, ಎಲ್ಲರೂ ನಗುವ ವಿಧಾನ. ಪೇಸ್ಟಿನಲ್ಲಿ ಸಿಲಿಕಾ ಅಥವಾ ಕ್ಯಾಲ್ಸಿಯಂ ಕಾರ್ಬೊನೇಟಿನ ನುಣ್ಣನೆಯ ಪುಡಿ ಇರುವುದರಿಂದ ಅದೂ ಒಂದು ಬಗೆಯ ಪಾಲಿಶ್ಶೇ. ಜೆಲ್ ಪೇಸ್ಟು ಬೇಡ, ಬಿಳಿಯದೇ ಆಗಬೇಕು. ಒದ್ದೆ ಬಟ್ಟೆಗೆ ಹಚ್ಚಿಕೊಂಡು ಇಪ್ಪತ್ತು ನಿಮಿಷ ಉಜ್ಜಿ ತೊಳೆದೆ. ಹಳದಿಯಲ್ಲಿ ಅರ್ಧಕ್ಕರ್ಧ ಹೋಯಿತು, ಮೇಲಂಚಿನ ಬೂದಿ ಮಾತ್ರ ಕದಲಲಿಲ್ಲ. ಕಾರಿಗೆ ಪುದೀನದ ವಾಸನೆ ಅಂಟಿಕೊಂಡಿತು. ಇಪ್ಪತ್ತು ನಿಮಿಷದ ಕೆಲಸಕ್ಕೆ ಇದು ಸಾಲದು ಎನ್ನುವ ಹಾಗೇನೂ ಇರಲಿಲ್ಲ.

ಅದೇ ಹುಮ್ಮಸ್ಸಿನಲ್ಲಿ ಎಡಗಣ್ಣಿನ ಒಂದು ಮೂಲೆಗೆ, ಉಗುರಿನಗಲದಷ್ಟು ಜಾಗಕ್ಕೆ, ಸೊಳ್ಳೆ ಓಡಿಸಲು ಮೈಗೆ ಹಚ್ಚುವ ದ್ರವವನ್ನೂ ಹಚ್ಚಿ ನೋಡಿದೆ. ಡೀಟ್ ಎಂಬ ರಾಸಾಯನಿಕ ಇರುವಂಥದ್ದು. ಜಾದೂ ಮಾಡಿದ ಹಾಗೆ ಆ ಚುಕ್ಕೆ ಕ್ಷಣದಲ್ಲಿ ತಿಳಿಯಾಯಿತು. ಬೆರಳಿಟ್ಟು ನೋಡಿದರೆ ಅಂಟಂಟು. ಡೀಟ್ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಕರಗಿದ ಮೇಲ್ಮೈ ಗೀರುಗಳನ್ನು ತುಂಬಿಕೊಂಡು ಒಂದು ಗಳಿಗೆ ನುಣುಪಾಗಿ ಕಾಣುತ್ತದೆ. ವಾರದೊಳಗೆ ಅಲ್ಲಿ ಧೂಳು ಕಚ್ಚಿಕೊಂಡು, ಸುತ್ತಲಿಗಿಂತ ಮಂಕಾದ ಕಲೆಯೊಂದು ಉಳಿಯಿತು. ಪಕ್ಕದ ಬಣ್ಣಕ್ಕೆ ಹನಿ ತಾಗಿದ್ದರೆ ಅದಕ್ಕೂ ಅದೇ ಗತಿ. ಈ ಉಪಾಯ ಹೇಳಿಕೊಡುವವರು ಯಾರೂ ವಾರ ಬಿಟ್ಟು ತೆಗೆದ ಫೋಟೊ ತೋರಿಸುವುದಿಲ್ಲ.

ಬಲಗಣ್ಣಿಗೆ ಉಪ್ಪುಕಾಗದ. ಲೆನ್ಸಿನ ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿ, ಬಕೆಟ್ಟಿನಲ್ಲಿ ನೀರಿಟ್ಟುಕೊಂಡು, 800 ಗ್ರಿಟ್ಟಿನ ಹಾಳೆಯಿಂದ ಶುರು ಮಾಡಿದೆ. ಗ್ರಿಟ್ಟಿನ ಅಂಕಿ ಏರಿದಷ್ಟೂ ಹಾಳೆ ನುಣ್ಣಗಾಗುತ್ತದೆ. ಮೊದಲ ಬಾರಿಗೆ ಕೈ ಆಡಿಸುವುದಕ್ಕೆ ಎದೆಗಾರಿಕೆ ಬೇಕು, ಇದ್ದ ಹೊಳಪೂ ಹೋಗಿ ಲೆನ್ಸು ಹೊಗೆ ಹಿಡಿದ ಗಾಜಿನಂತಾಗುತ್ತದೆ. ಹಾಳೆಯ ಅಡಿಯಿಂದ ಇಳಿಯುವ ನೀರನ್ನು ನೋಡುತ್ತಿರಬೇಕು. ಮೊದಲು ತೆಳು ಅರಿಶಿನದ ಬಣ್ಣ, ಅದು ಸಾಯುತ್ತಿರುವ ಹಳೆಯ ಪದರ. ಉಜ್ಜುತ್ತ ಹೋದಂತೆ ನೀರು ಹಾಲಿನ ಬಿಳುಪಿಗೆ ತಿರುಗುತ್ತದೆ. ಎಲ್ಲ ಕಡೆಯೂ ಬಿಳಿಯ ನೀರೇ ಬಂದಾಗ ಹಾಳೆ ಬದಲಿಸುವ ಹೊತ್ತು. ಅಲ್ಲಿಂದ 1000, 1500, 2000, 3000. ಒಂದು ಹಾಳೆಯನ್ನು ಅಡ್ಡಡ್ಡ ಆಡಿಸಿದರೆ ಮುಂದಿನದನ್ನು ಉದ್ದುದ್ದ ಆಡಿಸಬೇಕು, ಹಿಂದಿನ ಗೀರು ಉಳಿದಿದ್ದರೆ ಆಗ ಕಣ್ಣಿಗೆ ಬೀಳುತ್ತದೆ.

ನಾನು ತೋಳು ಸೋತು 1000ದಿಂದ ನೇರ 2000ಕ್ಕೆ ಹಾರಿದೆ. ಕೊನೆಯಲ್ಲಿ ಪಾಲಿಶ್ ಹಾಕಿ ಒರೆಸಿದಾಗ ಹಗಲಿನಲ್ಲಿ ಲೆನ್ಸು ಹೊಸದರಂತೆ ಇತ್ತು. ರಾತ್ರಿ ದೀಪ ಹಾಕಿದರೆ ಜೇಡರಬಲೆಯಂಥ ಎಳೆಗಳು ಮಿನುಗುತ್ತಿದ್ದವು. ಇನ್ನೊಂದು ಅವಘಡವೂ ಆಯಿತು. ನೀರಿಗೆ ನೆನೆದ ಟೇಪು ಒಂದು ಕಡೆ ಎದ್ದುಬಂದು, ಗೊತ್ತಾಗುವಷ್ಟರಲ್ಲಿ ಬಾನೆಟ್ಟಿನ ಅಂಚಿನ ಮೇಲೂ ನಾಲ್ಕು ಬಾರಿ ಉಪ್ಪುಕಾಗದ ಓಡಿಯಾಗಿತ್ತು. ಆ ಮಂಕು ಪಟ್ಟಿ ಇಂದಿಗೂ ಇದೆ. ಕೇಳಿದವರಿಗೆ ಹಳೆಯ ಗಾಡಿ ಎನ್ನುತ್ತೇನೆ.

ಆದರೂ ಆ ಸಂಜೆ ಗೋಡೆಯ ಮುಂದೆ ದೀಪ ಹಾಕಿ ನಿಂತಾಗ ಗೆದ್ದದ್ದು ಬಲಗಣ್ಣೇ. ಬೆಳಕಿನ ಮೇಲಂಚು ಗೆರೆ ಎಳೆದಂತೆ ಬಿದ್ದಿತ್ತು. ಎಡಗಡೆಯದು ಒದ್ದೆ ಕಾಗದದ ಮೇಲೆ ಹರಡಿದ ಶಾಯಿಯ ಹಾಗಿತ್ತು. ಇಲ್ಲಿಗೇ ಬರೆದು ಮುಗಿಸಿದ್ದರೆ ಈ ಹೋಲಿಕೆ ಸುಳ್ಳಾಗುತ್ತಿತ್ತು.

ಮೂರು ವಾರಕ್ಕೆ ಎಡಗಣ್ಣು ಮೊದಲಿನ ಸ್ಥಿತಿಗೆ ಮರಳಿತು. ನಿರೀಕ್ಷಿಸಿದ್ದೇ. ಮೂರು ತಿಂಗಳು ತುಂಬುವಷ್ಟರಲ್ಲಿ ಬಲಗಣ್ಣು ಎಡಗಣ್ಣಿಗಿಂತ ಕೆಟ್ಟದಾಯಿತು. ಇದನ್ನು ನಿರೀಕ್ಷಿಸಿರಲಿಲ್ಲ. ಕಾರು ನಿಲ್ಲಿಸುವ ಕಡೆ ಬಲಕ್ಕೆ ಸಂಜೆಯ ಬಿಸಿಲು ಹೆಚ್ಚು ಬೀಳುತ್ತದೆ ಎಂದು ಕೆಲವು ದಿನ ಸಮಾಧಾನ ಮಾಡಿಕೊಂಡೆ. ನಿಜವಾದ ಕಾರಣ ನನ್ನ ತೋಳೇ. ಅರಿಶಿನದ ನೀರು ಬಿಳಿಯಾಗುವವರೆಗೆ ಉಜ್ಜಿದ್ದೆನಲ್ಲ, ಹರಿದುಹೋದದ್ದು ಅಳಿದುಳಿದ ರಕ್ಷಣಾ ಪದರ. ಪೇಸ್ಟಿಗೆ ಅಷ್ಟು ಶಕ್ತಿ ಇರಲಿಲ್ಲವಾಗಿ ಎಡಗಡೆ ಹರಕು ಅಂಗಿಯಾದರೂ ಉಳಿದಿತ್ತು. ಬಲಗಡೆಯದನ್ನು ಬರಿಮೈಯಲ್ಲಿ ಬಿಸಿಲಿಗೆ ನಿಲ್ಲಿಸಿದ್ದೆ. ಉಜ್ಜಿ, ಪಾಲಿಶ್ ಮಾಡಿ, ಫಳಫಳ ಎನಿಸಿ ಕೊಟ್ಟು ಕಳುಹಿಸುವ ಗ್ಯಾರೇಜುಗಳಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಉಜ್ಜಿದ ಮೇಲೆ ಏನು ಬಳಿಯುತ್ತೀರಿ? ಮೇಣ ಎಂದರೆ ಅದು ಕೆಲವೇ ಬಾರಿ ತೊಳೆಯುವವರೆಗಿನ ಮಾತು.

ಹಾಗಾಗಿ ಬಲಗಣ್ಣಿಗೆ ಎರಡನೆಯ ಶಸ್ತ್ರಚಿಕಿತ್ಸೆ. ಈ ಬಾರಿ 1000 ಗ್ರಿಟ್ಟಿಗೇ ನಿಲ್ಲಿಸಿದೆ, ಪಾಲಿಶ್ ಮುಟ್ಟಲಿಲ್ಲ. ತೀರಾ ನುಣುಪಾದರೆ ಮೇಲಿನ ಪದರ ಕಚ್ಚಿಕೊಳ್ಳುವುದಿಲ್ಲ. ಬಳಿದದ್ದು ಎರಡು ಭಾಗಗಳು ಬೆರೆತು ಗಟ್ಟಿಯಾಗುವ, ಅತಿನೇರಳೆ ಕಿರಣ ತಡೆಯುವ ಕ್ಲಿಯರ್ ಕೋಟ್ ಸ್ಪ್ರೇ. ಡಬ್ಬಿಯ ತಳದ ಗುಂಡಿ ಒತ್ತಿ ಒಳಗಿನ ಗಟ್ಟಿಕಾರಕವನ್ನು ಬೆರೆಸಿದ ಮೇಲೆ ಅದು ಒಂದೆರಡು ದಿನದಲ್ಲಿ ಡಬ್ಬಿಯೊಳಗೇ ಗಡ್ಡೆಕಟ್ಟುತ್ತದೆ, ಉಳಿಸಿಟ್ಟುಕೊಳ್ಳುವ ಹಾಗಿಲ್ಲ. ಇದರಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು. ಬಟ್ಟೆಯ ಮಾಸ್ಕ್ ಸಾಲದು, ಬಣ್ಣ ಹೊಡೆಯುವವರು ಹಾಕುವ ಫಿಲ್ಟರಿನದೇ ಬೇಕು, ಬಯಲಿನಲ್ಲೇ ಹೊಡೆಯಬೇಕು. ಇಷ್ಟೆಲ್ಲ ರಗಳೆ ಬೇಡವೆನ್ನುವವರಿಗೆ ಬಟ್ಟೆಯಲ್ಲಿ ಒರೆಸಿ ಹಚ್ಚುವ ಲೇಪನಗಳು ಕಿಟ್‌ಗಳ ಜೊತೆ ಬರುತ್ತವೆ. ಅವನ್ನು ನಾನು ಪರೀಕ್ಷಿಸಲಿಲ್ಲ.

ಬಳಿಯುವ ಮೊದಲು ಒಂದು ಪರೀಕ್ಷೆ ಇದೆ. ಉಜ್ಜಿ ಮಂಕಾದ ಲೆನ್ಸಿನ ಮೇಲೆ ನೀರು ಸುರಿಯಿರಿ. ಒದ್ದೆ ಇರುವಷ್ಟು ಹೊತ್ತು ಅದು ಹೇಗೆ ಕಾಣುತ್ತದೋ, ಕೋಟ್ ಆದ ಮೇಲೂ ಸರಿಸುಮಾರು ಹಾಗೆಯೇ ಕಾಣುತ್ತದೆ. ಒದ್ದೆಯಲ್ಲೂ ಹಳದಿ ಕಂಡರೆ ಉಜ್ಜಿದ್ದು ಸಾಲದು. ಆಮೇಲೆ ಪೂರ್ತಿ ಒಣಗಿಸಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಮೊದಲು ಮಂಜು ಬಿದ್ದಷ್ಟು ತೆಳುವಾಗಿ ಒಂದು ಸುತ್ತು. ಒಂದೇ ಸಲಕ್ಕೆ ದಪ್ಪನಾಗಿ ಹೊಡೆದರೆ ದ್ರಾವಕ ತಾಗಿ ಪ್ಲಾಸ್ಟಿಕ್ಕಿನಲ್ಲಿ ಕೂದಲಿನಂಥ ಬಿರುಕು ಮೂಡಬಹುದು. ಹತ್ತು ನಿಮಿಷ ಬಿಟ್ಟು ಎರಡನೆಯ ಸುತ್ತು. ಹೊಗೆಗಟ್ಟಿದಂತಿದ್ದ ಲೆನ್ಸು ನಾನು ನೋಡುತ್ತಿರುವಂತೆಯೇ ಒಂದು ತುದಿಯಿಂದ ಇನ್ನೊಂದು ತುದಿಗೆ ಕಣ್ಣು ಬಿಟ್ಟಿತು. ಒಳಗಿನ ಬಲ್ಬಿನ ತಂತು ಕೂಡ ಕಾಣುವಷ್ಟು ತಿಳಿ. ಹಳೆಯ ಕಾರಿನ ಸಹವಾಸದಲ್ಲಿ ಇಂಥ ಗಳಿಗೆಗಳು ಅಪರೂಪ.

ಎಡಗಣ್ಣಿಗೂ ಅದನ್ನೇ ಮಾಡಬೇಕೆಂದಿದ್ದೆ. ಅಷ್ಟರೊಳಗೆ ಕಾರು ತಿರುಗಿಸುವಾಗ ಮೊಣಕಾಲೆತ್ತರದ ಕಂಬವೊಂದಕ್ಕೆ ಎಡಗಡೆಯ ಬಂಪರ್ ತಾಗಿತು. ಬಂಪರಿಗೆ ಗೀರು ಮಾತ್ರ. ಹಿಂದಿದ್ದ ಹೆಡ್‌ಲೈಟನ್ನು ಕಾರಿಗೆ ಬಿಗಿಯುವ ಎರಡು ಪ್ಲಾಸ್ಟಿಕ್ ಕಿವಿಗಳು ಮುರಿದು, ದೀಪ ಹಳ್ಳ ಬಂದಾಗಲೆಲ್ಲ ತಲೆಯಾಡಿಸತೊಡಗಿತು. ಮೂರನೆಯ ಮದ್ದು ಹೀಗೆ ತಾನಾಗಿಯೇ ಬಂತು: ಹೊಸ ಹೆಡ್‌ಲೈಟು.

ಕಾರು ಕಂಪನಿಯ ಅಸಲಿ ಭಾಗದ ಬೆಲೆ ಕೇಳಿ ಹಿಂದೆ ಸರಿದು, ಬೇರೆ ತಯಾರಕರದನ್ನು ತರಿಸಿದೆ. ಅದು ಬೆಲೆಯಲ್ಲಿ ಮೂರರಲ್ಲಿ ಒಂದು ಪಾಲು. ಬೋಲ್ಟಿನ ರಂಧ್ರಗಳು ಕೂಡಿದವು, ಬಾನೆಟ್ಟಿನ ಕಡೆ ಮಾತ್ರ ಬೆರಳು ತೂರುವಷ್ಟು ಸಂದು ಉಳಿಯಿತು. ಮೆಕ್ಯಾನಿಕ್ ಅದನ್ನು ಕೂರಿಸಿ, ದೀಪ ಹತ್ತಿದ್ದನ್ನು ತೋರಿಸಿ ಕಳುಹಿಸಿದರು. ಆ ರಾತ್ರಿ ಎದುರಿನವರೆಲ್ಲ ನನಗೆ ದೀಪ ಮಿಟುಕಿಸಿದ್ದೇ ಮಿಟುಕಿಸಿದ್ದು. ಹೊಸ ಹೆಡ್‌ಲೈಟನ್ನು ಕೂರಿಸಿದರಾಗಲಿಲ್ಲ, ಗುರಿಯನ್ನೂ ಹೊಂದಿಸಬೇಕು. ಸಮತಟ್ಟಾದ ಜಾಗದಲ್ಲಿ ಗೋಡೆಗೆ ಮೂತಿ ತಾಗುವಂತೆ ನಿಲ್ಲಿಸಿ ಬೆಳಕಿನ ಮೇಲಂಚಿಗೆ ಗುರುತು ಹಾಕಿ. 10 ಮೀಟರ್ ಹಿಂದಕ್ಕೆ ಬಂದಾಗ ಆ ಅಂಚು ಗುರುತಿಗಿಂತ ಸುಮಾರು 10 ಸೆಂಟಿಮೀಟರ್ ಕೆಳಗೆ ಬೀಳಬೇಕು. ಕಾರಿನಿಂದ ಕಾರಿಗೆ ಅಂಕಿ ಸ್ವಲ್ಪ ಬದಲಾಗುತ್ತದೆ, ಹಲವು ಕಾರುಗಳಲ್ಲಿ ಹೆಡ್‌ಲೈಟಿನ ಮೇಲೆಯೇ ಶೇಕಡಾ ಲೆಕ್ಕದಲ್ಲಿ ಅಚ್ಚಾಗಿರುತ್ತದೆ. ನನ್ನದು ಗುರುತಿಗಿಂತ ಒಂದು ಗೇಣು ಮೇಲಿತ್ತು. ಹಿಂಬದಿಯ ತಿರುಪನ್ನು ಸ್ಕ್ರೂಡ್ರೈವರಿನಲ್ಲಿ ಏಳೆಂಟು ಸುತ್ತು ತಿರುಗಿಸಿದ ಮೇಲೆ ಬೈಗುಳ ನಿಂತಿತು.

ಮೊದಲ ಮಳೆಗೆ ಹೊಸ ಲೆನ್ಸಿನ ಒಳಗೆ ಮಂಜು ಕಟ್ಟಿತು. ತೆಳು ಮಂಜಾಗಿದ್ದು ದೀಪ ಹಾಕಿದ ಸ್ವಲ್ಪ ಹೊತ್ತಿಗೆ ಆರಿಹೋದರೆ ಚಿಂತೆಯಿಲ್ಲ, ಹೆಡ್‌ಲೈಟಿಗೆ ಉಸಿರಾಡುವ ರಂಧ್ರಗಳಿರುತ್ತವೆ. ತಳದಲ್ಲಿ ನೀರು ನಿಂತರೆ ಸೀಲು ಕೆಟ್ಟಿದೆ ಎಂದರ್ಥ. ನನ್ನದು ಆರಿಹೋಯಿತು.

ಈಗ ಎರಡು ವರ್ಷವಾಗಿದೆ. ಪೇಸ್ಟನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಮುಂದಿನ ವಾರ ಕಾರು ಮಾರುವವರಿಗೆ ಅದು ಸಾಕು, ಕೊಳ್ಳುವವರು ಹುಷಾರಾಗಿರಬೇಕು ಅಷ್ಟೆ. ಲೆನ್ಸಿನ ಒಳಮೈಯೇ ಮಂಕಾಗಿದ್ದರೆ ಅಥವಾ ಕಿವಿ ಮುರಿದಿದ್ದರೆ ಹೊಸದು ಹಾಕುವುದು ಬಿಟ್ಟು ದಾರಿಯಿಲ್ಲ. ಉಳಿದವರಿಗೆಲ್ಲ ನನ್ನ ಮತ ಉಪ್ಪುಕಾಗದಕ್ಕೆ, ಅದೂ ಮೇಲೆ ಕೋಟ್ ಹೊಡೆಯುವ ಮನಸ್ಸಿದ್ದರೆ ಮಾತ್ರ. ಇಲ್ಲದಿದ್ದರೆ ಹಳದಿಯಾಗಿದ್ದರೂ ಸರಿ, ಇದ್ದದ್ದನ್ನು ಇದ್ದ ಹಾಗೆ ಬಿಡುವುದೇ ಲೇಸು. ಗೋಡೆಯ ಮುಂದೆ ನಿಲ್ಲಿಸಿದರೆ ಇಂದು ಎರಡು ಕಣ್ಣುಗಳ ಬೆಳಕಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ನನಗೆ ಕಾಣುವುದಿಲ್ಲ, ಎಡಗಣ್ಣು ಖರ್ಚಿನಲ್ಲಿ ಎಷ್ಟೋ ಪಾಲು ಹೆಚ್ಚಿನದಾದರೂ.

ಹಗಲಿನಲ್ಲಿ ಮಾತ್ರ ಬಲಗಣ್ಣನ್ನು ಹತ್ತಿರದಿಂದ ನೋಡಿದವರು ಕೆಳಮೂಲೆಯಲ್ಲಿ ಏನೋ ಕಸವಿದೆ ಎಂದು ಉಗುರಿನಿಂದ ಕೆರೆಯಲು ಹೋಗುತ್ತಾರೆ. ಎರಡನೆಯ ಸುತ್ತು ಹೊಡೆದು ಒಣಗಲು ಬಿಟ್ಟಾಗ ಎಲ್ಲಿಂದಲೋ ಬಂದು ಕೂತ ಸೊಳ್ಳೆ ಅದು. ಕಾಲು, ರೆಕ್ಕೆ ಎಲ್ಲ ಹಾಗೆಯೇ ಇವೆ, ಒಂದಿಷ್ಟೂ ಹಳದಿಯಾಗಿಲ್ಲ.